ಎಲೀಯನ ಬಟ್ಟಲು

"ಈ ವರ್ಷದ ಪೆಸಾಖ್ ಹಬ್ಬ ನನ್ನದು! ಕಸಬರಿಗೆಯಿಂದ ಹಿಡಿದು ಕೊನೇ ಚಮಚದವರೆಗೂ! ನೀನು ರಾಣಿ ಹಾಗೆ ಕೂತಿರು!"

ಜೆರುಸಲೇಮಿನ ಗಡಿಯಾರ ರಿಪೇರಿಯ ಜೆಲಿಗ್ ಹೀಗೆ ಘೋಷಿಸಿದಾಗ ಅವನ ಹೆಂಡತಿ ಬ್ಲೂಮಾ ಸೋಫಾದ ಕೆಳಗೆ ತಲೆ ತೂರಿಸಿ ಬಿಸ್ಕತ್ತಿನ ಚೂರೊಂದನ್ನು ಬೆನ್ನಟ್ಟುತ್ತಿದ್ದಳು. ಯೆಹೂದಿಗಳ ಈ ಹಬ್ಬದ ದಿನಗಳಲ್ಲಿ ಮನೆಯೊಳಗೆ ಹುಳಿಹಿಟ್ಟಿನ ಕಣವೂ ಇರಕೂಡದು. ದೇವರು ಆ ಕೆಲಸವನ್ನು ಪ್ರವಾದಿ ಮೋಶೆಗೇ ಹೇಳಿದ್ದಿರಬೇಕು. ಮೋಶೆ ಮನೆಗೆ ಬಂದು ಹೆಂಡತಿಗೆ ದಾಟಿಸಿದ.

ಬ್ಲೂಮಾ ತಲೆ ಹೊರತೆಗೆದಳು. "ನಿಜವಾಗ್ಲೂ ಮಾಡ್ತೀರಾ? ನಂಗೆ ಬೇಕಾಗಿರೋದು ಒಂದೇ ರೀ. ಒಂದೇ ಒಂದು ವರ್ಷ ಹಬ್ಬದ ರಾತ್ರಿ ಕೊನೇವರೆಗೂ ಎಚ್ಚರ ಇರ್ಬೇಕು."

ಮದುವೆಯಾಗಿ ಮೂವತ್ತೊಂದು ವರ್ಷ. ಮೂರು ವಾರ ತಿಕ್ಕಿ ತೊಳೆದು ಮೇಜಿಗೆ ಬಂದು ಕೂತವಳು, ಯೆಹೂದಿಗಳು ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದ ಕಥೆಯ ಓದು ಕಪ್ಪೆಗಳ ಪೀಡೆಗೆ ಬರುವಷ್ಟರಲ್ಲಿ ಗೊರಕೆ! ಕಥೆಯೊಳಗೆ ಇಡೀ ಜನಾಂಗ ಸಮುದ್ರ ದಾಟುತ್ತಿತ್ತು; ಬ್ಲೂಮಾ ಮಾತ್ರ ಈ ದಡದಲ್ಲೇ ಬಿದ್ದಿರುತ್ತಿದ್ದಳು. ಊಟವಾದ ಮೇಲೆ, ಆ ರಾತ್ರಿ ಮನೆಮನೆಗೂ ಬಂದು ತಮಗಿಟ್ಟ ಬಟ್ಟಲಿನ ವೈನು ಕುಡಿಯುತ್ತಾರೆಂದು ನಂಬುವ ಎಲೀಯ ಪ್ರವಾದಿಗಾಗಿ ಬಾಗಿಲು ತೆರೆಯುವುದನ್ನು ಅವಳು ಈ ಮನೆಯಲ್ಲಿ ಒಮ್ಮೆಯೂ ಕಂಡಿರಲಿಲ್ಲ.

"ಎದ್ದಿರ್ತೀಯ! ಮೂರು ದಿನದ ಕೆಲಸಾನ ನೀವು ಹೆಂಗಸ್ರು ಮೂರು ವಾರ ಎಳೀತೀರ, ಅಷ್ಟೇ!"

ಮೊದಲ ದಿನ ಫ್ರಿಜ್ಜಿನ ತಟ್ಟೆಗಳನ್ನೆಲ್ಲ ಬಿಚ್ಚಿದ. ಸಾವಿರ ಗಡಿಯಾರ ಜೋಡಿಸಿದ ಕೈಗೆ ಅವು ಮತ್ತೆ ಕೂರಲೊಲ್ಲವು! ಎರಡನೆಯ ದಿನ ಅಡುಗೆಕಟ್ಟೆಗೆ ಕುದಿನೀರು ಸುರಿದ. ಅರ್ಧ ಕಟ್ಟೆಗೆ, ಅರ್ಧ ಸ್ವಂತ ಕಾಲಿಗೆ. ಎಂಟನೆಯ ದಿನ ಪುಸ್ತಕಗಳ ಹಾಳೆಹಾಳೆ ಕೊಡವುತ್ತ ಕಣ್ಣೀರಿಟ್ಟ. ಹದಿನೈದನೆಯ ದಿನ ಒಲೆಯೊಳಗೆ ತಲೆಯಿಟ್ಟು, "ಈಜಿಪ್ಟಿನ ದೊರೆ ಫರೋಹನೇ ವಾಸಿಯಾಗಿದ್ದ!" ಎಂದದ್ದು ಪಕ್ಕದ ಮನೆಗೂ ಕೇಳಿಸಿತು.

"ಒಂಚೂರು ಕೈ ಹಾಕ್ಲಾ?"

"ಕೂತ್ಕೋ ಅಂದೆ!"

ಹೆಣ್ಣುಮಕ್ಕಳಿಬ್ಬರೂ ಈ ಸಲ ಅತ್ತೆಮನೆಯಲ್ಲಿ. ಹಬ್ಬದ ರಾತ್ರಿ ಮೇಜಿಗೆ ಇವರಿಬ್ಬರೇ. ಮಕ್ಕಳು ಕೇಳಬೇಕಾದ ಪ್ರಶ್ನೆಯನ್ನು ಬ್ಲೂಮಾಳೇ ಕೇಳಿದಳು: "ಈ ರಾತ್ರಿ ಬೇರೆ ರಾತ್ರಿಗಳ ಹಾಗಲ್ಲ, ಯಾಕೆ?" ಉತ್ತರವೂ ಅವಳದೇ: "ಯಾಕಂದ್ರೆ ಹೆಂಡ್ತಿ ಎದ್ದಿದಾಳೆ, ಗಂಡ ತೂಕಡಿಸ್ತಿದಾನೆ!"

"ತೂಕಡಿಕೆ ಅಲ್ಲ ಕಣೇ, ಭಕ್ತಿ!"

ದೇವರು ಈಜಿಪ್ಟಿನ ಮೇಲೆ ಕಳಿಸಿದ ಹತ್ತು ಪೀಡೆಗಳನ್ನು, ಪೀಡೆಗೊಂದರಂತೆ ಬೆರಳಿನಿಂದ ವೈನಿನ ಹನಿ ತಟ್ಟೆಗಿಳಿಸುತ್ತ ಜೆಲಿಗ್ ಎಣಿಸಿದ. ರಕ್ತ, ಕಪ್ಪೆ, ಹೇನು... ಒಂಬತ್ತನೆಯದಕ್ಕೆ ಬಂದು "ಕತ್ತಲೆ" ಎಂದ.

ಮನೆಯ ದೀಪಗಳೆಲ್ಲ ಆರಿದವು!

"ರೀ!"

"ದೀಪ ತಾನಾಗೇ ಆರ್ಸೋ ಟೈಮರ್ ಕಣೇ... ಹನ್ನೆರಡಕ್ಕೆ ಇಡೋ ಬದ್ಲು ಒಂಬತ್ತಕ್ಕೆ ಇಟ್ಟುಬಿಟ್ಟೆ ಅನ್ಸತ್ತೆ."

"ಗಡಿಯಾರದವರು ನೀವು!"

ಹಬ್ಬದ ದಿನ ಧರ್ಮದ ಪ್ರಕಾರ ಸ್ವಿಚ್ಚು ಮುಟ್ಟುವಂತಿಲ್ಲ. ಉಳಿದದ್ದು ಎರಡು ಮೇಣದಬತ್ತಿ. ಗೋಡೆಯ ಮೇಲೆ ಇಬ್ಬರ ನೆರಳು ತೂಗುತ್ತಿತ್ತು; ಒಮ್ಮೊಮ್ಮೆ ಎಣಿಸಿದರೆ ಮೂರಾಗುತ್ತಿತ್ತು. ಆ ಮಬ್ಬಿನಲ್ಲೇ ಊಟ ಮುಗಿಯಿತು. ಬೀದಿಯ ಕಿಟಕಿಗಳಿಂದ ಬರುತ್ತಿದ್ದ ಹಾಡುಗಳು ಒಂದೊಂದಾಗಿ ನಿಂತವು. ಜೆಲಿಗ್ ಎಲೀಯನ ಬೆಳ್ಳಿ ಬಟ್ಟಲಿಗೆ ಅಂಚಿನವರೆಗೆ ವೈನು ತುಂಬಿ, ಕುಂಟುತ್ತ ಹೋಗಿ ಬಾಗಿಲು ತೆರೆದ. ಮೆಟ್ಟಿಲ ಕತ್ತಲಿಂದ ತಣ್ಣನೆಯ ಉಸಿರು, ಒದ್ದೆ ಕಂಬಳಿಯ ವಾಸನೆ. ಯಾರೂ ಇಲ್ಲ. ಮರಳಿ ಬಂದು ದಿಂಬಿಗೊರಗಿ ಒಂದೇ ಒಂದು ಸಲ ಕಣ್ಣು ಮಿಟುಕಿಸಿದ.

ತೆರೆದಾಗ ಒಂದು ಬತ್ತಿ ಆರಿತ್ತು. ಎದುರಿನ ಖಾಲಿ ಕುರ್ಚಿ ಹಿಂದಕ್ಕೆ ಸರಿದಿತ್ತು; ಅದರ ದಿಂಬಿನಲ್ಲಿ ಯಾರೋ ಕೂತೆದ್ದ ತಗ್ಗು. ಬೆಳ್ಳಿ ಬಟ್ಟಲಿನ ತಳ ಕಾಣುತ್ತಿತ್ತು! ಬ್ಲೂಮಾ ನೆಟ್ಟಗೆ ಕೂತಿದ್ದಳು, ಕಣ್ಣು ಪಿಳಿಪಿಳಿ.

"ಬ್ಲೂಮಾ, ಬಟ್ಟಲು...?"

"ಕುಡಿದ್ರು."

"ಯಾರು?"

"ಇದೇನ್ರೀ ಪ್ರಶ್ನೆ? ಪ್ರತಿ ವರ್ಷ ಯಾರು ಕುಡೀತಾರೆ?"

ಜೆಲಿಗ್ ಬಟ್ಟಲನ್ನು ತಲೆಕೆಳಗು ಮಾಡಿ ನೋಡಿದ. ಪ್ರತಿ ವರ್ಷ ಕುಡಿಯುತ್ತಿದ್ದವನು ಅವನೇ! ಹೆಂಡತಿ ನಿದ್ದೆಯಲ್ಲಿ, ಮಕ್ಕಳು ಬಾಗಿಲಲ್ಲಿ ಇದ್ದಾಗ ಗಟಗಟನೆ ಏರಿಸಿ, "ನೋಡಿ, ಪ್ರವಾದಿ ಬಂದು ಹೋದರು!" ಎನ್ನುತ್ತಿದ್ದ. ಈಗ "ನೀನೇ ಕುಡಿದೆ" ಎಂದರೆ ಹಿಂದಿನದನ್ನೆಲ್ಲ ಒಪ್ಪಿಕೊಂಡಂತೆ. ಅದೂ ಅಲ್ಲದೆ ಬ್ಲೂಮಾಳಿಗೆ ವೈನು ಒಗ್ಗದು. ಒಂದು ಗುಟುಕಿಗೇ ಕತ್ತೆಲ್ಲ ಕೆಂಪು ದದ್ದು. ಅದಕ್ಕೇ ಅವಳಿಗೆ ಯಾವಾಗಲೂ ದ್ರಾಕ್ಷಿರಸ. ಜೆಲಿಗ್ ಬಾಗಿ ನೋಡಿದ. ಮಿಣುಕು ಬೆಳಕಿನಲ್ಲಿ ಕತ್ತು ಬೆಳ್ಳಗಿತ್ತು.

ಅವನ ಮೈಯ ರೋಮ ಒಂದೊಂದೂ ಎದ್ದು ನಿಂತಿತು. ಎಲ್ಲೋ ಕೆಳಗೆ, ಮೆಟ್ಟಿಲುಗಳ ಮೇಲೆ, ಊರುಗೋಲಿನ ಸದ್ದು ಇಳಿದು ಹೋಗುತ್ತಿತ್ತು.

"ಏನಾದ್ರೂ... ಹೇಳಿದ್ರಾ?"

"ನಿಮ್ಮ ಮುಖ ನೋಡಿ ನಕ್ರು. 'ನಾನು ಬರೋ ಹೊತ್ತಿಗೆ ಮನೆಮನೇಲೂ ಹೆಂಗಸ್ರು ಒರಗಿರ್ತಾರೆ ತಾಯಿ, ಗಂಡಸು ಬಿದ್ದಿರೋದು ಇವತ್ತೇ ನೋಡಿದ್ದು' ಅಂದ್ರು."

"ಅಷ್ಟೇನಾ?"

"ಹೊಸ್ತಿಲು ದಾಟುವಾಗ ಇನ್ನೊಂದು ಮಾತಂದ್ರು," ಬ್ಲೂಮಾ ತನ್ನ ದ್ರಾಕ್ಷಿರಸವನ್ನು ನಿಧಾನವಾಗಿ ಹೀರಿದಳು. "'ಮೂವತ್ತೊಂದು ವರ್ಷದಲ್ಲಿ ಈ ಮನೇಲಿ ನನ್ನ ಬಟ್ಟಲು ನನಗೆ ಸಿಕ್ಕಿದ್ದು ಇದೇ ಮೊದಲು. ಮುಂದಿನ ವರ್ಷಾನೂ ಅವನ ಕೈಲೇ ಮನೆ ತೊಳೆಸು!'"