ಇಬ್ಬರೇ ಹಿಡಿಸುವ ಚಕ್ಕಡಿ

ಚಕ್ಕಡಿ ಮಾಡಿಸುವವರೆಲ್ಲ ಅದರಲ್ಲಿ ಹೆಚ್ಚು ಜನ, ಹೆಚ್ಚು ಮಾಲು ಹಿಡಿಸಲಿ ಎಂದು ನೋಡುತ್ತಾರೆ. ಆದಷ್ಟು ಕಡಿಮೆ ಜನ ಹಿಡಿಸಲಿ ಎಂದು ಹಟ ಹಿಡಿದು ಚಕ್ಕಡಿ ತಿದ್ದಿದವರು, ನನಗೆ ತಿಳಿದಂತೆ, ಇಡೀ ರೋಣ ತಾಲೂಕಿನಲ್ಲಿ ಒಬ್ಬರೇ. ಅವರು ನಮ್ಮ ಸಣ್ಣಮಾವನವರು, ಅಂದರೆ ನನ್ನ ಗಂಡನ ಕಾಕಾ. ಅವರಿಗೆ ತಲೆ ಕೆಟ್ಟಿದೆ ಎಂದು ಊರವರು ಹೇಳುತ್ತಿದ್ದರು. ನಾನು ಹಾಗೆ ಹೇಳಲಾರೆ. ಮನೆಯ ಸೊಸೆ ನೋಡಿ, ಅನ್ನಿಸಿದರೂ ಬಾಯಿ ಬಿಡುವಂತಿರಲಿಲ್ಲ!

ನಾನು ನರಗುಂದದಿಂದ ಅಬ್ಬಿಗೇರಿಯ ಆ ಮನೆಗೆ ಮದುವೆಯಾಗಿ ಬಂದಾಗ ನಮ್ಮ ಕಡೆ ಇನ್ನೂ ಮುಂಬಯಿ ಸರಕಾರವಿತ್ತು. ಹಾಗೆಂದು ಊರ ಹಿರಿಯರು ಹೇಳುತ್ತಿದ್ದರು. ನಮ್ಮ ಮನೆಯೊಳಗೆ ಮಾತ್ರ ಇದ್ದದ್ದು ಆಯಿಯ ಸರಕಾರ. ಆಯಿ ಎಂದರೆ ಸಣ್ಣಮಾವನವರ ತಾಯಿ, ನಮ್ಮವರ ಅಜ್ಜಿ. ಆಯಿಯ ಎದುರಿಗೆ ಗಂಡ ಹೆಂಡತಿ ಒಬ್ಬರಿಗೊಬ್ಬರು ಮಾತಾಡಬಾರದು. ಇದು ಎಲ್ಲ ಮನೆಗಳಲ್ಲಿಯೂ ಇದ್ದ ಪದ್ಧತಿಯೇ, ಅದರಲ್ಲಿ ವಿಶೇಷವೇನಿಲ್ಲ. ವಿಶೇಷವೆಂದರೆ, ಆಯಿ ಎದುರಿಗಿಲ್ಲದ ಜಾಗ ಆ ಮನೆಯಲ್ಲಿ ಇರಲೇ ಇಲ್ಲ. ಹೊಸಬರೆಂದು ನನಗೂ ನಮ್ಮವರಿಗೂ ಜೋಳದ ಚೀಲ ಇಡುವ ಕೋಣೆ ಕೊಟ್ಟಿದ್ದರು. ಆದರೆ ಗೋಡೆಯ ಆಚೆಗೇ ಆಯಿಯ ಹಾಸಿಗೆ. ಅಲ್ಲಿ ಸೀನು ಬಂದರೂ ಯೋಚಿಸಿ ಸೀನಬೇಕು. ಸಣ್ಣಮಾವನವರಿಗೆ ಅಷ್ಟೂ ಇರಲಿಲ್ಲ. ಅವರದು ಹಳೆಯ ಮದುವೆ, ಮಕ್ಕಳಾಗಲಿಲ್ಲ. ಅವರು ಪಡಸಾಲೆಯಲ್ಲಿ ಮಲಗುತ್ತಿದ್ದರು, ಅವರ ಹೆಂಡತಿ ಸಣ್ಣತ್ತಿ ಒಳಗೆ ಆಯಿಯ ಪಕ್ಕದಲ್ಲಿ.

ಹಾಗಾದರೆ ಅವರಿಬ್ಬರ ನಡುವೆ ಮಾತು ಹೇಗೆ ನಡೆಯುತ್ತಿತ್ತು? ನಾನು ಬರುವ ಮೊದಲು ಬೆಕ್ಕಿನ ಮೂಲಕ, ಎಮ್ಮೆಯ ಮೂಲಕ, ಯಾರೂ ಇಲ್ಲದಿದ್ದರೆ ಪಡಸಾಲೆಯ ಕಂಬದ ಮೂಲಕ. ನಾನು ಬಂದ ಮೇಲೆ ಎಲ್ಲರಿಗೂ ಬಿಡುವಾಯಿತು.

"ಯವ್ವಾ, ಊಟಕ್ಕ ಬರ್ರಿ ಅಂತ ಹೇಳು ಅವರಿಗೆ," ಎಂದು ಸಣ್ಣತ್ತಿ ಹೇಳುತ್ತಿದ್ದರು. ಅವರು ಅಂದರೆ ಅಲ್ಲಿಯೇ, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ ನಿಂತ ಸಣ್ಣಮಾವನವರು.

ನಾನು ತಿರುಗಿ, "ಮಾವಾರ, ಊಟಕ್ಕ ಬರಬೇಕಂತ್ರಿ," ಎನ್ನುತ್ತಿದ್ದೆ.

"ಕಾಲ ತೊಳಕೊಂಡ ಬಂದೆ ಅಂತ ಹೇಳವಾ."

ನಾನು ಮತ್ತೆ ತಿರುಗಿ, "ಕಾಲ ತೊಳಕೊಂಡ ಬರ್ತಾರಂತ್ರಿ." ಹೀಗೆ ತಿರುಗಿ ತಿರುಗಿ ನನ್ನ ಕುತ್ತಿಗೆ ಎಷ್ಟು ಸಡಿಲಾಗಿತ್ತೆಂದರೆ, ಬೀಸುವ ಕಲ್ಲಿಗೂ ಅಷ್ಟು ಚೆನ್ನಾಗಿ ತಿರುಗಲು ಬರುತ್ತಿರಲಿಲ್ಲ.

ನಮ್ಮದೊಂದು ಕಪ್ಪು ಮಣ್ಣಿನ ಎರಿಹೊಲ ಸೂಡಿಯ ಆಚೆಗಿತ್ತು. ಚಕ್ಕಡಿಯಲ್ಲಿ ಹೋಗಲು ಅರ್ಧ ದಿನ, ಬರಲು ಅರ್ಧ ದಿನ. ಹಿಂಗಾರಿ ಜೋಳ ತೆನೆ ಹಿಡಿದ ಮೇಲೆ ರಾಶಿಯಾಗುವ ತನಕ ಅಲ್ಲಿ ಕಾವಲಿಗೆ ಒಬ್ಬರು ವಸ್ತಿ ಇರಬೇಕು. ಪ್ರತಿವರ್ಷ ಸಣ್ಣಮಾವನವರು ಒಬ್ಬರೇ ಹೋಗಿ, ಕಟ್ಟಿಕೊಂಡು ಹೋದ ರೊಟ್ಟಿ ತಿಂದು, ಗಡ್ಡ ಬಿಟ್ಟುಕೊಂಡು ಬರುತ್ತಿದ್ದರು. ಆ ವರ್ಷ ಊಟ ಮಾಡುತ್ತ, ತಲೆ ಎತ್ತದೆ, ಆಯಿಗೆ ಹೇಳಿದರು.

"ಯವ್ವಾ, ಈ ಸಲ ಹೊಲಕ್ಕ ಅಕಿನ್ನೂ ಕರಕೊಂಡ ಹೋಗಬೇಕಂತ ಮಾಡೇನಿ. ಬಿಸಿ ರೊಟ್ಟಿ ಸಿಗತಾವು."

ಅಡಿಗೆ ಮನೆಯಲ್ಲಿ ಸಣ್ಣತ್ತಿಯವರ ಕೈ ಹಿಟ್ಟಿನ ಮೇಲೆಯೇ ನಿಂತಿತು. ಪಕ್ಕದಲ್ಲಿದ್ದ ನಾನು ನೋಡಿದೆ.

ಆಯಿ ಹೇಳಿದರು, "ಹೆಣ್ಣಮಗಳು ಬಯಲಾಗ ವಸ್ತಿ ಇರೂದ? ಅಲ್ಲಿ ನೀರಿಲ್ಲ, ಒಲಿ ಇಲ್ಲ, ಮ್ಯಾಲೆ ಸೂರಿಲ್ಲ, ಮುಂದ ಬಾಗಲಿಲ್ಲ. ಮನಿಯಾಂಗ ಇದ್ರ ಕಳಸ್ತಿದ್ದೆ."

ಬೇರೆ ಯಾರಾದರೂ ಇದನ್ನು 'ಇಲ್ಲ' ಎಂದು ತಿಳಿದು ಕೈತೊಳೆಯುತ್ತಿದ್ದರು. ಸಣ್ಣಮಾವನವರು ಇದನ್ನು ಬಡಿಗನಿಗೆ ಒಪ್ಪಿಸಿದ ಕೆಲಸವೆಂದು ತಿಳಿದರು. ನೀರು, ಒಲೆ, ಸೂರು, ಬಾಗಿಲು, ಇಷ್ಟೇ ತಾನೆ? ಮರುದಿನವೇ ಹಳೆಯ ಚಕ್ಕಡಿಯನ್ನು ಅಂಗಳಕ್ಕೆ ಎಳೆದರು. ಊರ ಬಡಿಗೇರರು ಬಂದು ಎಲ್ಲ ಕೇಳಿಕೊಂಡು, ನಕ್ಕು, ಮದುವೆಯ ಮಂಚದ ಕೆಲಸವಿದೆ ಎಂದು ಹೋಗಿಬಿಟ್ಟರು. ಆದ್ದರಿಂದ ಉಳಿ, ಸುತ್ತಿಗೆ, ಕರಗಸ ಎಲ್ಲವನ್ನೂ ಸಣ್ಣಮಾವನವರೇ ಹಿಡಿದರು. ಮೊದಲ ಏಟು ಹೆಬ್ಬೆರಳಿಗೆ ಬಿತ್ತು. ಅರಿಷಿಣ ನಾನೇ ಹಚ್ಚಿದೆ, ಸಣ್ಣತ್ತಿ ಅರೆದುಕೊಟ್ಟದ್ದು.

ಮೊದಲು ನೀರು. ಗಜೇಂದ್ರಗಡಕ್ಕೆ ಹೋಗಿ ಎಣ್ಣೆಯ ಹಳೆಯ ಪೀಪಾಯಿಯೊಂದನ್ನು ತಂದರು. ಅದಕ್ಕೊಂದು ಹಿತ್ತಾಳೆಯ ನಲ್ಲಿ ಕೂಡಿಸಿದರು. ಆಗ ನಮ್ಮೂರಲ್ಲಿ ನಲ್ಲಿ ಎಂಬುದನ್ನು ಕಂಡವರೇ ಕಡಿಮೆ, ಮಂದಿ ಬಂದು ತಿರುವಿ ತಿರುವಿ ನೋಡಿ ಹೋದರು. ಬೂದಿ ಹಾಕಿ ಎಷ್ಟು ತಿಕ್ಕಿದರೂ ನೀರಿಗೆ ಕುಸುಬಿ ಎಣ್ಣೆಯ ವಾಸನೆ ಹೋಗಲಿಲ್ಲ. "ಒಗ್ಗರಣಿಗೆ ಎಣ್ಣಿ ಉಳೀತು ಅಂತ ಹೇಳವಾ ಅಕಿಗೆ," ಎಂದರು ಸಣ್ಣಮಾವನವರು. ಪೀಪಾಯಿಯನ್ನು ಚಕ್ಕಡಿಯ ಹಿಂಭಾಗಕ್ಕೆ ಕಟ್ಟಿ, ನೀರು ತುಂಬಿ, ಎತ್ತು ಹೂಡಿದರು. ಹಿಂದೆ ಭಾರವಾಗಿ ಚಕ್ಕಡಿ ಹಿಂದಕ್ಕೆ ಕುಳಿತಿತು, ಮುಂದೆ ನೊಗ ಮೇಲೆದ್ದಿತು. ಎತ್ತುಗಳು ಕುತ್ತಿಗೆ ಎತ್ತಿ ಆಕಾಶ ನೋಡುತ್ತ ನಿಂತವು. ಅವುಗಳ ಜನ್ಮದಲ್ಲಿ ಅಷ್ಟು ಹೊತ್ತು ಮೋಡ ನೋಡಿದ್ದು ಅದೇ ಮೊದಲಿರಬೇಕು.

ಹಿಂದಿನ ಭಾರಕ್ಕೆ ಮುಂದೆ ಭಾರ ಬೇಕಲ್ಲವೆ? ಬೀಸುವ ಕಲ್ಲನ್ನು ತಂದು ಮುಂಭಾಗದಲ್ಲಿ ಕೂಡಿಸಿದರು. ಮನೆ ಅಂದಮೇಲೆ ಬೀಸುವ ಕಲ್ಲು ಇರಬೇಕು ಎಂಬುದು ಅವರ ವಾದ. ಹೀಗೆ ಹಿಂದಿನವರು ಕೂಡುವ ಜಾಗ ಪೀಪಾಯಿಗೆ ಹೋಯಿತು, ಮುಂದಿನವರದು ಕಲ್ಲಿಗೆ ಹೋಯಿತು.

ಆಮೇಲೆ ಸೂರು. ಬಿದಿರಿನ ಕಮಾನು ಕಟ್ಟಿ, ಚಾಪೆ ಹೊದಿಸಿ, ಮೇಲೆ ಗೋಣಿತಟ್ಟು ಹೊಲಿದರು. ಪಕ್ಕದ ಚಾಪೆಯನ್ನು ಮೇಲೆತ್ತಿ ಕೋಲು ಕೊಟ್ಟರೆ ಬಿಸಿಲಿಗೊಂದು ಚಪ್ಪರ. ಒಳಗೆ ಹಾಸಿಗೆಗೆಂದು, ಗಜೇಂದ್ರಗಡದಲ್ಲಿ ಮುರಿದು ಬಿದ್ದಿದ್ದ ಮೋಟಾರಿನ ಉದ್ದನೆಯ ಸೀಟೊಂದನ್ನು ಹೊತ್ತು ತಂದರು. ಸ್ಪ್ರಿಂಗು ಹಾಕಿದ ಸೀಟು. ಅದರ ಪರೀಕ್ಷೆಗೆಂದು ಅಂಗಳದಲ್ಲಿಯೇ ಮಲಗಿದರು. ಎತ್ತು ಬಿಚ್ಚಿದ ಚಕ್ಕಡಿ ಮುಂದಕ್ಕೆ ಇಳಿಜಾರಾಗಿ ನಿಲ್ಲುತ್ತದೆಂಬುದು ಹಾಲು ಕುಡಿಯುವ ಕೂಸಿಗೂ ಗೊತ್ತು, ಅವರಿಗೆ ಮಾತ್ರ ನೆನಪಾಗಲಿಲ್ಲ. ಬೆಳಿಗ್ಗೆ ನಾನು ಕಸ ಗುಡಿಸಲು ಹೋದರೆ ಅವರು ಜಾರಿ ಜಾರಿ ನೊಗದ ಹತ್ತಿರ ಬಂದು, ಬೀಸುವ ಕಲ್ಲನ್ನು ತಬ್ಬಿಕೊಂಡು ನಿದ್ದೆ ಮಾಡುತ್ತಿದ್ದರು. ಅಂದೇ ನೊಗದ ಕೆಳಗೆ ಆಧಾರ ಕೊಡಲು ಎರಡು ಕವೆಗೋಲು ಸಿದ್ಧವಾದವು.

ಒಲೆಯದು ಇನ್ನೊಂದು ಕತೆ. ಮಣ್ಣಿನ ಸಣ್ಣ ಒಲೆಯನ್ನು ಕಮಾನಿನ ಒಳಗೇ ಹೂಡಿ ಚಹಾಕ್ಕೆ ಇಟ್ಟರು. ಹೊಗೆ ಹೊರಗೆ ಬರುವುದನ್ನು ಕಂಡು ಓಣಿಯವರು ಕೊಡ ಕೊಡ ನೀರು ತಂದು ಸುರಿದರು. ಚಹಾ ಆಗಲಿಲ್ಲ, ಸಣ್ಣಮಾವನವರಿಗೆ ಸ್ನಾನವಾಯಿತು. ಕೊನೆಗೆ ಒಲೆಯನ್ನು ಒಂದು ಹಲಗೆಯ ಮೇಲೆ ಕೂಡಿಸಿ, ಬೇಕಾದಾಗ ಹೊರಗೆ ಎಳೆಯುವಂತೆ, ಆರಿದ ಮೇಲೆ ಒಳಗೆ ತಳ್ಳುವಂತೆ ಮಾಡಿದರು. ಕೊನೆಗೊಂದು ಬಾಗಿಲು, ಅದಕ್ಕೊಂದು ಚಿಲಕ.

ಇಷ್ಟೆಲ್ಲ ಆಗುವಾಗ ಸಣ್ಣತ್ತಿ ಅಡಿಗೆ ಮನೆಯಿಂದ ಹೊರಗೆ ಬಂದಿರಲಿಲ್ಲ. ನನಗೆ ಸಿಟ್ಟು ಬರುತ್ತಿತ್ತು. ಆ ಮನುಷ್ಯ ಇಷ್ಟು ಪಾಡು ಪಡುತ್ತಿರುವಾಗ ಒಂದು ಮಾತಾದರೂ ಕಳಿಸಬಾರದೆ? ಕಳಿಸಿದರೆ ಒಯ್ಯಲು ನಾನಿದ್ದೇನಲ್ಲ. ಒಂದು ದಿನ ರೊಟ್ಟಿ ಬಡಿಯುತ್ತ, ತಲೆ ಬಗ್ಗಿಸಿಕೊಂಡೇ ಹೇಳಿದರು.

"ಯವ್ವಾ, ಕನ್ನಡಿ ಇಡಾಕ ಒಂದ ಗೂಡ ಬೇಕಿತ್ತಂತ ಹೇಳು."

ನಾನು ಓಡಿದೆ. ಸಣ್ಣಮಾವನವರು ಕೇಳಿ ಸುತ್ತಿಗೆ ಕೆಳಗಿಟ್ಟರು. ಆಮೇಲೆ, "ಎಷ್ಟ ಎತ್ತರಕ್ಕ ಅಂತ ಕೇಳು," ಎಂದರು. ನಾನು ಬಾಗಿಲಿಗೆ ಬಂದು ಕೇಳಿದೆ. ಸಣ್ಣತ್ತಿ ಕುಳಿತಲ್ಲಿಯೇ, ಹಿಟ್ಟಿನ ಕೈಯನ್ನು ತಮ್ಮ ಹಣೆಯ ಮಟ್ಟಕ್ಕೆ ಎತ್ತಿ ತೋರಿಸಿದರು. ಸಣ್ಣಮಾವನವರು ಬೇರೆ ಕಡೆ ನೋಡುತ್ತಿದ್ದರು. ನಾನು ಹೋಗಿ ತೋರಿಸಬೇಕೆನ್ನುವಷ್ಟರಲ್ಲಿ ಅವರು ಕಮಾನಿನ ಒಳಗೆ ಅದೇ ಎತ್ತರಕ್ಕೆ ಗೆರೆ ಎಳೆದಿದ್ದರು.

ಎಲ್ಲ ಮುಗಿದ ಮೇಲೆ ಆಯಿ ನೋಡಲು ಬಂದರು. ನಲ್ಲಿ ತಿರುವಿದರು, ನೀರು ಬಂತು. ಒಲೆ ಎಳೆದರು, ಬಂತು. ಚಿಲಕ ಹಾಕಿ ತೆಗೆದರು. ತಪ್ಪು ಹುಡುಕಲು ಹೊರಟವರಿಗೆ ಒಂದೂ ಸಿಗದೆ, ಒಳಗೆ ಹತ್ತಿ ಸೀಟಿನ ಮೇಲೆ ಕುಳಿತರು. ಸೀಟು ಅವರನ್ನು ಮೇಲಕ್ಕೆ ಎಸೆದು ಮತ್ತೆ ಹಿಡಿಯಿತು. ಆಯಿ ಇನ್ನೊಮ್ಮೆ ಕುಳಿತು ನೋಡಿದರು. ಆಮೇಲೆ ಕಾಲು ಚಾಚಿ ಮಲಗಿದರು. ಅಂಗಳದಲ್ಲಿ ನಾವೆಲ್ಲ ಕುತ್ತಿಗೆ ಚಾಚಿ ನಿಂತಿದ್ದೆವು.

ಒಳಗಿನಿಂದ ಆಯಿಯ ದನಿ ಬಂತು. "ಚಲೋ ಐತಿ. ಈ ಸಲ ಹೊಲಕ್ಕ ನಾನ ಬರ್ತೇನಿ."

ಸಣ್ಣಮಾವನವರ ಕೈಯಲ್ಲಿ ಸುತ್ತಿಗೆ ಹಾಗೆಯೇ ಉಳಿಯಿತು. ಇಬ್ಬರಿಗಾಗಿ ಮಾಡಿದ ಚಕ್ಕಡಿಯಲ್ಲಿ ಇಬ್ಬರಿಗೆ ಜಾಗವಿತ್ತು ನಿಜ, ಆದರೆ ಅದರಲ್ಲಿ ಒಬ್ಬರು ಅವರ ತಾಯಿ! ಒಳಗೆ ಸಣ್ಣತ್ತಿ ಆ ಹೊತ್ತು ರೊಟ್ಟಿ ಬಡಿದದ್ದು ಓಣಿಯ ಕೊನೆಯ ಮನೆಯವರೆಗೆ ಕೇಳಿಸಿತು. ಅಂದಿನ ರೊಟ್ಟಿ ಕಾಗದದಂತೆ ತೆಳ್ಳಗಾಗಿದ್ದವು. ಬಹಳ ಚೆನ್ನಾಗಿದ್ದವು, ಯಾರೂ ಹೊಟ್ಟೆ ತುಂಬ ಉಣ್ಣಲಿಲ್ಲ.

ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ಮನೆಯವರೆಲ್ಲ ಬೇರೆ ಚಕ್ಕಡಿಗಳಲ್ಲಿ ಇಕ್ಕಟ್ಟಾಗಿ ಕುಳಿತು ಹೊಲಕ್ಕೆ ಹೋದೆವು. ಆಯಿ ಸೀಟಿನ ಮೇಲೆ ಕುಣಿಯುತ್ತ ಬಂದರು. ಹೊಲದ ತುಂಬ ನೈವೇದ್ಯದ ಚರಗ ಚೆಲ್ಲಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆಕಾಯಿ ಪಲ್ಯ, ಕಡುಬು ಉಂಡು, ತಾಯಿ ಮಗನನ್ನು ಅಲ್ಲಿ ಬಿಟ್ಟು ಬಂದೆವು. ಬರುವಾಗ ಸಣ್ಣತ್ತಿ ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ. ಕನ್ನಡಿ ಅವರ ಮಡಿಲಿನಲ್ಲಿಯೇ ಇತ್ತು. ಹೋಗುವಾಗ ಯಾಕೆ ತಂದಿದ್ದರೋ, ಕೇಳುವ ಧೈರ್ಯ ನನಗಾಗಲಿಲ್ಲ.

ಮುಂದೆ ಕೆಲವೇ ದಿನ ಕಳೆದಿರಬೇಕು. ನಮ್ಮೂರ ಕಡೆ ಬರುತ್ತಿದ್ದ ಯಾರದೋ ಚಕ್ಕಡಿಯಿಂದ ಆಯಿ ಇಳಿದರು. ಮುಖ ಬಿಗಿದುಕೊಂಡಿತ್ತು. ನೀರು ಕುಡಿದು ಕಂಬಕ್ಕೆ ಒರಗಿದರು.

"ಏನಾತ್ರಿ ಆಯಿ? ಸೀಟ ಚುಚ್ಚಿತೇನ್ರಿ?" ಎಂದು ಕೇಳಿದೆ.

"ಸೀಟೇನ ಧಾಡಿ ಆಗೇತಿ. ಮಾತಾಡಾಕ ಯಾರ ಅದಾರ ಅಲ್ಲಿ? ಜ್ವಾಳ ಮಾತಾಡತೈತೇನು? ನನ್ನ ಮಗಾ ಹೂಂ ಅನ್ನಾಂಗಿಲ್ಲ, ಉಹೂಂ ಅನ್ನಾಂಗಿಲ್ಲ. ಮೂಗ ಆಗಿ ಹುಟ್ಟಬೇಕಾದಾಂವ." ಆಮೇಲೆ ಅಡಿಗೆ ಮನೆಯ ಕಡೆ ತಿರುಗಿ ಕೂಗಿ ಹೇಳಿದರು. "ಏ ಸಣ್ಣಾಕಿ, ನೀ ಹೋಗು. ನಿನಗೂ ಮಾತು ಬ್ಯಾಡ, ಅವಗೂ ಬ್ಯಾಡ. ಇಬ್ಬರಿಗೂ ಚಲೋ ಒಗ್ಗತೈತಿ."

ಸಣ್ಣತ್ತಿ ಸೆರಗು ಸರಿಮಾಡಿಕೊಂಡು, "ಹೂಂನ್ರಿ," ಎಂದರು. ಅಷ್ಟೇ. ನಮ್ಮವರು ಅವರನ್ನು ಹೊಲಕ್ಕೆ ಬಿಟ್ಟು ಬಂದರು. ಗಂಟಿನಲ್ಲಿ ಎರಡು ಸೀರೆ, ಮೇಲೆ ಕನ್ನಡಿ.

ಜೋಳ ಬಲಿಯುತ್ತಿದ್ದ ಹೊತ್ತಿಗೆ, ಹಿಟ್ಟು, ರೊಟ್ಟಿಗೆ ಶೇಂಗಾ ಹಿಂಡಿ, ಕಟ್ಟಿಗೆ ಕೊಟ್ಟು ಬರಲು ಆಯಿ ನಮ್ಮಿಬ್ಬರನ್ನು ಕಳಿಸಿದರು. ನಮ್ಮವರು ದಾರಿಯ ಪಕ್ಕ ಎತ್ತು ಬಿಚ್ಚುತ್ತಿದ್ದರು. ನಾನು ಬುತ್ತಿ ಹೊತ್ತು ಜೋಳದ ಸಾಲಿನೊಳಗೆ ಮುಂದೆ ನಡೆದೆ. ಚಕ್ಕಡಿ ಕಾಣುವ ಮೊದಲೇ ಮಾತು ಕೇಳಿಸಿತು. ಯಾರೋ ನೆಂಟರು ಬಂದಿರಬೇಕೆಂದುಕೊಂಡೆ. ಬಿಡುವಿಲ್ಲದ ಮಾತು, ಒಬ್ಬರದು ಮುಗಿಯುವ ಮೊದಲೇ ಇನ್ನೊಬ್ಬರದು. ಹತ್ತಿರ ಹೋಗಿ ನೋಡಿದರೆ ನೆಂಟರಿಲ್ಲ. ಹೊರಗೆ ಎಳೆದ ಒಲೆಯ ಮುಂದೆ ಸಣ್ಣತ್ತಿ, ಎದುರಿಗೆ ಚಪ್ಪರದ ನೆರಳಿನಲ್ಲಿ ಸಣ್ಣಮಾವನವರು. ಇಬ್ಬರೂ ನನ್ನನ್ನು ನೋಡಿರಲಿಲ್ಲ.

ಸಣ್ಣಮಾವನವರು ಹೇಳುತ್ತಿದ್ದರು. "ನಿಮ್ಮವ್ವ ತೀರಿಕೊಂಡ ಸುದ್ದಿ ಬಂದಾಗ ನೀ ಒಳಗ ಅಳೂದು ಕೇಳಸ್ತಿತ್ತು. ನಾ ಪಡಸಾಲ್ಯಾಗ ಕುಂತಿದ್ನಿ. ಒಳಗ ಬರಾಕ ಆಗಲಿಲ್ಲ."

"ನೀವು ಕೆಮ್ಮಿದ್ದು ನನಗ ಕೇಳಿಸ್ತ್ರಿ," ಎಂದರು ಸಣ್ಣತ್ತಿ. "ಮ್ಯಾಲಿಂದ ಮ್ಯಾಲ ಕೆಮ್ಮಿದ್ರಿ. ನನಗಂತ ತಿಳೀತು. ಅಷ್ಟ ಸಾಕಾತು."

ಇಷ್ಟು ದಿನ ನಾನು ಅವರ ನಡುವೆ ಉಪ್ಪು, ನೀರು, ಊಟದ ಮಾತು ಒಯ್ದು ತಂದಿದ್ದೆ. ಒಯ್ಯಬೇಕಾದ ಮಾತು ಹೀಗೆ ವರ್ಷಗಟ್ಟಲೆ ಒಳಗೇ ಕೂತಿತ್ತು. ಹಿಂದಕ್ಕೆ ಸರಿಯಬೇಕೆಂದು ಕಾಲು ಎತ್ತಿದೆ, ಜೋಳದ ಒಣಗಿದ ಎಲೆಯ ರವದಿ ಸದ್ದು ಮಾಡಿತು. ಸಣ್ಣತ್ತಿ ತಟ್ಟನೆ ಸೆರಗು ಎಳೆದುಕೊಂಡು ಒಲೆಯ ಕಡೆ ತಿರುಗಿದರು.

"ಬಂದೇನು ಯವ್ವಾ? ಊಟಕ್ಕ ಬರ್ರಿ ಅಂತ ಹೇಳು ಅವರಿಗೆ."

ಅವರು ಅಲ್ಲಿಯೇ ಇದ್ದರು. ನಾನು ತಿರುಗಿ, "ಮಾವಾರ, ಊಟಕ್ಕ ಬರಬೇಕಂತ್ರಿ," ಎಂದೆ.

"ಕಾಲ ತೊಳಕೊಂಡ ಬಂದೆ ಅಂತ ಹೇಳವಾ," ಎಂದರು ಸಣ್ಣಮಾವನವರು, ಬಹಳ ಗಂಭೀರವಾಗಿ, ನಲ್ಲಿ ತಿರುವುತ್ತ.

ಉಂಡು ಹೋಗಿರೆಂದು ಇಬ್ಬರೂ ನನ್ನ ಮೂಲಕ ನನಗೇ ಹೇಳಿದರು. ಆಯಿ ಲಗೂ ಬಾ ಅಂದಾರೆಂದು ಸುಳ್ಳು ಹೇಳಿ, ಸಾಮಾನು ಇಳಿಸಿ ಹೊರಟುಬಿಟ್ಟೆ. ನಾವು ದಾರಿ ಹಿಡಿದು ಸ್ವಲ್ಪ ದೂರ ಬಂದ ಮೇಲೆ ಜೋಳದ ಒಳಗಿನಿಂದ ಮತ್ತೆ ಮಾತು ಶುರುವಾದದ್ದು ತೇಲಿ ಬಂತು. ನಮ್ಮವರು ಕಿವಿಗೊಟ್ಟು ಕೇಳಿದರು. ಆಮೇಲೆ ಎಡಗಡೆಯ ಎತ್ತಿನ ಬೆನ್ನು ತಟ್ಟಿ, "ಅಲ್ಲಿ ಏನ ಮಾತಾಡಾಕತ್ತಿದ್ರು ಅಂತ ಕೇಳು," ಎಂದರು.

"ಎತ್ತಿಗೆ ಯಾಕ ಕೇಳ್ತೀರಿ?" ಎಂದೆ. "ಇಲ್ಲಿ ಆಯಿ ಇಲ್ಲ. ನನ್ನ ಕೇಳ್ರಿ."

ಅವರು ಹಿಂದೆ ನೋಡಿದರು, ಮುಂದೆ ನೋಡಿದರು. ಎರಡೂ ಕಡೆ ಬರೀ ಜೋಳ. ನಾನು ಹಿಂದಿನಿಂದ ಎದ್ದು ಅವರ ಪಕ್ಕಕ್ಕೆ ಬಂದು ಕುಳಿತೆ. ಮದುವೆಯಾದ ಮೇಲೆ ನಾವು ಹಗಲಿನಲ್ಲಿ ಗಟ್ಟಿಯಾಗಿ ಮಾತಾಡಿದ್ದು ಅಂದೇ ಮೊದಲು. ಬೆಳಿಗ್ಗೆ ಹೊಲಕ್ಕೆ ಹೋಗುವಾಗಲೂ ರೂಢಿಯಂತೆ ಎತ್ತಿನ ಮೂಲಕವೇ ಮಾತಾಡಿದ್ದೆವು. ದೂರದಲ್ಲಿ ನಮ್ಮೂರ ಗಿಡಗಳು ಕಾಣಿಸಿದಾಗ ಮಾತು ಇನ್ನೂ ಮುಗಿದಿರಲಿಲ್ಲ, ಅವರು ಹಗ್ಗ ಎಳೆದು ಎತ್ತುಗಳನ್ನು ನಿಲ್ಲಿಸಿದರು.