ಮೋಡ ಒಲ್ಲದ ಕಾಲೇಜು

ಊರವರೆಲ್ಲ ಒಂದೇ ಉತ್ತರ ಕೊಟ್ಟರೆ ಅದು ತನ್ನ ತಪ್ಪು ಹೇಗಾಗುತ್ತದೆ ಎಂದು ಸುಚಿತ್ರಾ ರಾಣೆಬೆನ್ನೂರಿನಿಂದ ಬ್ಯಾಡಗಿಯವರೆಗೂ ಬಸ್ಸಿನಲ್ಲಿ ತನ್ನನ್ನೇ ಕೇಳಿಕೊಂಡಳು. ಕೇಳಬೇಕಾದದ್ದು ಪದ್ಮಜಾ ಮ್ಯಾಡಂ ಅವರನ್ನು. ಆದರೆ ಮ್ಯಾಡಂ ಎದುರಿಗೆ ನಿಂತರೆ ಅವಳ ಗಂಟಲು ನೀರು ಬಾರದ ದಿನದ ನಲ್ಲಿಯಂತೆ ಬರೀ ಗಾಳಿ ಬಿಡುತ್ತಿತ್ತು.

ಪದ್ಮಜಾ ಮ್ಯಾಡಂ ಹಾವೇರಿ ಕಡೆಯ ವಿಶ್ವವಿದ್ಯಾಲಯವೊಂದರಲ್ಲಿ ಪ್ರೊಫೆಸರ್. ಕಾಲೇಜುಗಳು ಅಂಕಪಟ್ಟಿ, ಹಾಜರಿ, ಫೀ ಲೆಕ್ಕ ಎಲ್ಲವನ್ನೂ ತಮ್ಮದೇ ಕೋಣೆಯ ಸರ್ವರಿನಲ್ಲಿ ಬಚ್ಚಿಟ್ಟುಕೊಳ್ಳುವುದನ್ನು ಬಿಟ್ಟು ಕ್ಲೌಡಿಗೆ, ಅಂದರೆ ದೂರದಲ್ಲೆಲ್ಲೋ ಇರುವ ಬಾಡಿಗೆಯ ಕಂಪ್ಯೂಟರಿಗೆ, ಯಾಕೆ ಕಳಿಸುತ್ತಿಲ್ಲ ಎಂಬುದು ಅವರ ಸಂಶೋಧನೆ. ಕಾಲೇಜಿನಿಂದ ಕಾಲೇಜಿಗೆ ತಿರುಗಿ ಕಾರಣ ಕೇಳಿಕೊಂಡು ಬರುವುದು ಸುಚಿತ್ರಾಳ ಹಂಗಾಮಿ ನೌಕರಿ. ಹೋದಲ್ಲೆಲ್ಲ ಸಿಕ್ಕ ಕಾರಣಗಳು ನಾಲ್ಕೇ. ಕರೆಂಟಿಲ್ಲ, ನೆಟ್ಟಿಲ್ಲ, ರೊಕ್ಕಿಲ್ಲ, ಭದ್ರತೆಯಿಲ್ಲ. ಈ ನಾಲ್ಕೂ ಮ್ಯಾಡಂ ಓದಿದ ಪುಸ್ತಕಗಳಲ್ಲಿ ಮೊದಲೇ ಅಚ್ಚಾಗಿದ್ದವು. ಮ್ಯಾಡಂಗೆ ಅನುಮಾನ ಬಂತು.

"ಖರೇನ ಹೋಗಿದ್ದೇನು? ಮನ್ಯಾಗ ಕುಂತು ನೀನ ಬರದಂಗ ಕಾಣತೈತಿ" ಎಂದಿದ್ದರು. "ಬ್ಯಾಡಗಿ ಕಾಲೇಜಿನವರು ಕ್ಲೌಡ್ ಅಂದ್ರ ಹಾವು ತುಳಿದಂಗ ಮಾಡ್ತಾರ. ನಾಳೆ ಅಲ್ಲಿಗೆ ಹೋಗು. ಯಾವ ಪುಸ್ತಕದಾಗೂ ಇಲ್ಲದ ಖರೇ ಕಾರಣ ಒಂದು ತಗೊಂಡು ಬಂದ್ರ ನಿನ್ನ ಕೆಲಸಾ ಮುಂದುವರಸ್ತೇನಿ. ಇಲ್ಲಂದ್ರ ಮುಂದಿನ ತಿಂಗಳು ಬರೂದು ಬ್ಯಾಡ."

ಸುಚಿತ್ರಾ ತಲೆಯಾಡಿಸಿ ಬಂದಿದ್ದಳು. ಮನೆಯಲ್ಲಿ ಅವ್ವ ಓಣಿಯ ತುಂಬ "ನಮ್ಮ ಸುಚಿತ್ರಾ ಯುನಿವರ್ಸಿಟಿಯಾಗ ಅದಾಳ" ಎಂದು ಹೇಳಿಯಾಗಿತ್ತು. ಆ ಮಾತನ್ನು ಈಗ ವಾಪಸು ತರುವ ಶಕ್ತಿ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಬ್ಯಾಡಗಿಯ ಪ್ರಿನ್ಸಿಪಾಲ ಶಿವಾನಂದ ಸರ್ ಅವಳನ್ನು ಕೂರಿಸಿ, ಅವಳು ಕೊಟ್ಟ ಪ್ರಶ್ನೆಗಳ ಹಾಳೆಯನ್ನು ಎರಡೂ ಕಡೆ ತಿರುಗಿಸಿ ನೋಡಿ, ಕಡೆಗೆ ಬೆಳಕಿಗೆ ಹಿಡಿದೂ ನೋಡಿದರು. ಯಾರು ಕಳಿಸಿದ್ದು, ಇಲ್ಲಿಗೇ ಯಾಕೆ, ಇವತ್ತೇ ಯಾಕೆ ಎಂದು ಕೇಳಿದರು. ಸುಚಿತ್ರಾಳಿಗೆ ಮೂರಕ್ಕೂ ಉತ್ತರ ಗೊತ್ತಿತ್ತು. ಯಾವುದನ್ನು ಮೊದಲು ಹೇಳಲಿ ಎಂದು ಯೋಚಿಸುತ್ತ ಕುಳಿತಳು. ಆ ಮೌನ ಶಿವಾನಂದ ಸರ್‌ಗೆ ಸರಿಬರಲಿಲ್ಲ. ಬರಿಯ ಪ್ರಶ್ನೆ ಕೇಳಲು ಬಂದವರು ಹೀಗೆ ಸುಮ್ಮನಿರುವುದಿಲ್ಲ. ಹೀಗೆ ಸುಮ್ಮನಿರುವವರು ತಪಾಸಣೆಗೆ ಬಂದವರು.

ಅವರು ಹೊರಗೆ ಹೋಗಿ ಸುಪರಿಂಟೆಂಡೆಂಟ್ ಪ್ರಭುಲಿಂಗಪ್ಪನವರ ಕಿವಿಯಲ್ಲಿ ಏನೋ ಊದಿ ಬಂದರು. ಅಷ್ಟು ಸಾಕಾಯಿತು. ಕಾಲೇಜಿನಲ್ಲಿ ಸುದ್ದಿ ಒಗ್ಗರಣೆಯ ವಾಸನೆಗಿಂತ ಬೇಗ ಹರಡಿತು. ಸ್ವಲ್ಪ ಹೊತ್ತಿಗೆ ಪ್ರಭುಲಿಂಗಪ್ಪ ತಾವೇ ಗಿರಮಿಟ್ಟು, ಮಿರ್ಚಿಯ ತಟ್ಟೆ ಹಿಡಿದು ಬಂದು ಎದುರಿಗೆ ಕುಳಿತರು. ದಪ್ಪ ಮೀಸೆಯ, ನಿವೃತ್ತಿಗೆ ಹತ್ತಿರವಾದ ಆಸಾಮಿ. ಕಣ್ಣು ಕೆಂಪಗೆ, ಮೂಗಿನ ತುದಿಯೂ ಕೆಂಪಗೆ.

"ತಿನ್ರಿ ಮ್ಯಾಡಂ. ಕ್ಲೌಡ್ ಅಂದ್ರ ಮೋಡ ಹೌದಲ್ರಿ? ನಮ್ಮೂರಾಗ ಮೋಡದ ಬಗ್ಗೆ ಯಾರೂ ಚಲೋ ಮಾತು ಆಡಂಗಿಲ್ಲ ನೋಡ್ರಿ. ಕಾಯಿ ಒಣಾಕ ಹಾಕಿದಾಗ ಮ್ಯಾಲೆ ನೋಡಿ ಬೈಯೂದ ನಮಗ ರೂಢಿ."

ಸುಚಿತ್ರಾ ನಕ್ಕಳು. ಆದರೆ ಅವಳ ನಗು ಬಾಯಿಯವರೆಗೆ ಬರುವಷ್ಟರಲ್ಲಿ ಸಣ್ಣದಾಗಿ ಬಿಡುತ್ತಿತ್ತು. ಪ್ರಭುಲಿಂಗಪ್ಪನವರಿಗೆ ಅದು ಎಲ್ಲ ಗೊತ್ತಿದ್ದವರ ನಗುವಿನಂತೆ ಕಂಡಿತು. ಕೂಡಲೇ ಅವಳು ಕೇಳದಿದ್ದರೂ ಕಾರಣ ಹೇಳತೊಡಗಿದರು. ಕರೆಂಟಿಲ್ಲ, ನೆಟ್ಟಿಲ್ಲ, ರೊಕ್ಕಿಲ್ಲ, ಭದ್ರತೆಯಿಲ್ಲ. ಹೇಳುತ್ತ ಹೇಳುತ್ತ ಎರಡು ಸಲ ಸೀನಿದರು.

ಅದೇ ನಾಲ್ಕು ಕಾರಣಗಳನ್ನು ಸುಚಿತ್ರಾ ಮತ್ತೆ ಬರೆದುಕೊಂಡಳು. ಮುಂದಿನ ತಿಂಗಳ ಅವ್ವನ ಮುಖ ಕಣ್ಣೆದುರು ಬಂತು. ಇದ್ದ ಧೈರ್ಯವನ್ನೆಲ್ಲ ಕೂಡಿಸಿ, ನಿಮ್ಮ ಸರ್ವರ್ ರೂಮ್ ಒಮ್ಮೆ ನೋಡಬಹುದೇ ಎಂದು ಕೇಳಿದಳು.

ಪ್ರಭುಲಿಂಗಪ್ಪನವರ ಕೈಯಲ್ಲಿದ್ದ ಮಿರ್ಚಿ ಅಲ್ಲೇ ನಿಂತಿತು. ಅವರು ಪ್ರಿನ್ಸಿಪಾಲರ ಮುಖ ನೋಡಿದರು. ಪ್ರಿನ್ಸಿಪಾಲರು ಗೋಡೆಯ ಗಡಿಯಾರ ನೋಡಿದರು.

"ಕೀಲಿ ನಮ್ಮ ಪ್ಯೂನ್ ಉಡಚಪ್ಪನ ಕಡೆ ಇರ್ತಾವ್ರಿ" ಎಂದರು ಶಿವಾನಂದ ಸರ್. "ಅಂವಾ ಇವತ್ತ ಕಾಗಿನೆಲಿಗೆ ಹೋಗ್ಯಾನ. ಸಂಜೀ ತನಕಾ ಬರಂಗಿಲ್ಲ."

ಆಗ ಚಹಾ ಬಂತು. ತಂದವನು ಕಪ್ಪು-ಬಸಿಗಳನ್ನು ಮೇಜಿನ ಮೇಲೆ ಇಟ್ಟ. ಶಿವಾನಂದ ಸರ್ ಒಂದು ಗುಟುಕು ಕುಡಿದು, "ಉಡಚಪ್ಪಾ, ಸಕ್ರಿ ಕಮ್ಮಿ ಆಗೇತಲ್ಲೋ" ಎಂದರು.

ಉಡಚಪ್ಪ ಮೂವರ ಮುಖವನ್ನೂ ನೋಡಿ, ಏನೋ ತಪ್ಪಾಗಿದೆ ಎಂದು ತಿಳಿದು, "ಈಗ ಬಂದೇರಿ, ಕಾಗಿನೆಲಿಯಿಂದ" ಎಂದ. ಹೊರಗಿನಿಂದ ಎಲ್ಲವನ್ನೂ ಕೇಳಿಸಿಕೊಂಡೇ ಒಳಗೆ ಬಂದಿದ್ದನೆಂದು ಕಾಣುತ್ತದೆ. ಅವನ ಸೊಂಟದಲ್ಲಿ ಕೀಲಿಗೊಂಚಲು ಎತ್ತಿನ ಕೊರಳ ಗಂಟೆಯಂತೆ ನುಡಿಯಿತು. ಆಮೇಲೆ ಅವನೂ ಸೀನಿದ.

ಪ್ರಭುಲಿಂಗಪ್ಪ ಮಧ್ಯೆ ಬಂದರು. ಸರ್ವರಿಗೆ ವೈರಸ್ ಬಂದಿದೆ, ಹೊರಗಿನವರನ್ನು ಒಳಗೆ ಬಿಟ್ಟರೆ ಅವರಿಗೂ ತೊಂದರೆ, ಎಂದು ತಿಳಿಸಿದರು. ಕಂಪ್ಯೂಟರಿನ ವೈರಸ್ ಮನುಷ್ಯರಿಗೆ ಹತ್ತುವುದಿಲ್ಲ ಎಂದು ಸುಚಿತ್ರಾ ಬಿ.ಸಿ.ಎ.ಯಲ್ಲಿ ಓದಿದ್ದಳು. ಆದರೆ ಎದುರಿಗಿದ್ದ ಇಬ್ಬರು ಸೀನಿದ್ದೂ ಸುಳ್ಳಲ್ಲ. ಮೆಣಸಿನಕಾಯಿ ಪೇಟೆಯ ಹಂಗಾಮಾಗಿದ್ದರೆ ಊರಿಗೆ ಊರೇ ಸೀನುತ್ತದೆ, ಯಾರೂ ಕೇಳುವುದಿಲ್ಲ. ಈಗ ಹಂಗಾಮು ಮುಗಿದು ಮಳೆ ಹಿಡಿದಿತ್ತು. ಮುಗಿಲು ಒದ್ದೆಯಾಗಿತ್ತು. ಇಂಥ ದಿನ ಇವರು ಯಾಕೆ ಸೀನುತ್ತಾರೆ?

ಕಾರಿಡಾರಿನಲ್ಲಿ ಕಂಪ್ಯೂಟರ್ ಪಾಠ ಮಾಡುವ ದೀಪಾಲಿ ಸಿಕ್ಕಳು. ಸುಚಿತ್ರಾಳಿಗಿಂತ ನಾಲ್ಕೈದು ವರ್ಷ ದೊಡ್ಡವಳು, ಮಾತಿನಲ್ಲಿ ಸಲಿಗೆ. ಗೋಡೆಯ ಬದಿಗೆ ಕರೆದು, ತನ್ನ ಹೆಸರು ಎಲ್ಲೂ ಬರೆಯಬಾರದು, ತನ್ನದು ಅದರಲ್ಲಿ ಬರೀ ಅರ್ಧ ಪಾಲು, ಉಳಿದರ್ಧ ಅತ್ತೆಯದು ಎಂದಳು. ಯಾವುದರಲ್ಲಿ ಎಂದು ಸುಚಿತ್ರಾ ಕೇಳಬೇಕೆನ್ನುವಷ್ಟರಲ್ಲಿ ದೀಪಾಲಿ ಅವಳ ಸುಮ್ಮನಿದ್ದ ಮುಖ ನೋಡಿ ಹೆದರಿ, "ಮುಕ್ಕಾಲಂತ ಬರಕೋರಿ ಬೇಕಾದ್ರ" ಎಂದು ಹೊರಟುಹೋದಳು.

ಈಗ ಅನುಮಾನಪಡುವ ಸರದಿ ಸುಚಿತ್ರಾಳದಾಯಿತು. ಕಾಲೇಜಿನ ಅಂಕಪಟ್ಟಿಯಲ್ಲಿ ಅತ್ತೆಗೆ ಪಾಲು ಹೇಗೆ ಬರುತ್ತದೆ? ಮಾರುತ್ತಿದ್ದಾರೆಯೇ? ಇಂಥ ದೊಡ್ಡ ಗುಟ್ಟನ್ನು ತಾನು ಪತ್ತೆ ಮಾಡಿದರೆ ಪದ್ಮಜಾ ಮ್ಯಾಡಂ ಏನೆನ್ನಬಹುದು? ಅಷ್ಟರಲ್ಲಿ ಕರೆಂಟು ಹೋಯಿತು.

ಬೇರೆ ಕಾಲೇಜುಗಳಲ್ಲಿ ಕರೆಂಟು ಹೋದರೆ ಜನ ಆರಾಮಾಗಿ ಚಹಾಕ್ಕೆ ಹೋಗುವುದನ್ನು ಅವಳು ನೋಡಿದ್ದಳು. ಇಲ್ಲಿ ಬೆಂಕಿ ಬಿದ್ದಂತೆ ಓಡಿದರು. ಪ್ರಭುಲಿಂಗಪ್ಪ ಪಂಚೆ ಎತ್ತಿಕಟ್ಟಿಕೊಂಡು ಓಡಿದರು. ದೀಪಾಲಿ ಪಾಠ ಅರ್ಧಕ್ಕೆ ಬಿಟ್ಟು ಓಡಿದಳು. ಉಡಚಪ್ಪ ಕೀಲಿಗೊಂಚಲು ಕೈಯಲ್ಲಿ ಹಿಡಿದು ಎಲ್ಲರಿಗಿಂತ ಮುಂದೆ. ಹಿಂದಿನಿಂದ ಸ್ವತಃ ಪ್ರಿನ್ಸಿಪಾಲರು, ಒಂದು ಕಾಲಿಗೆ ಚಪ್ಪಲಿ, ಒಂದು ಕಾಲು ಬರಿದು.

"ಲಗೂನ ಜನರೇಟರ್ ಚಾಲೂ ಮಾಡ್ರಿ. ತಂಪು ಹೋದ್ರ ಬಣ್ಣಾ ಹೋತು" ಎಂದು ಅವರು ಓಡುತ್ತಲೇ ಕೂಗಿದರು.

ದಾಖಲೆಗಳ ಮೇಲೆ ಇಷ್ಟು ಪ್ರೀತಿ ಇರುವವರನ್ನು ಸುಚಿತ್ರಾ ಎಲ್ಲಿಯೂ ಕಂಡಿರಲಿಲ್ಲ. ಕಣ್ಣು ತೇವವಾಯಿತು. ಆಮೇಲೆ, ದಾಖಲೆಗೆ ಬಣ್ಣ ಎಲ್ಲಿಯದು ಎಂಬ ಯೋಚನೆ ಬಂದು ತೇವ ಆರಿತು. ಅವರ ಹಿಂದೆ ತಾನೂ ನಡೆದಳು. ಅವಸರದಲ್ಲಿ ಸರ್ವರ್ ರೂಮಿನ ಬಾಗಿಲನ್ನು ಯಾರೂ ಹಾಕಿಕೊಂಡಿರಲಿಲ್ಲ.

ಒಳಗಿನಿಂದ ತಣ್ಣನೆಯ ಗಾಳಿ ಬಂತು. ಅದರ ಬೆನ್ನಿಗೇ ಘಾಟು ಬಂತು. ನೆಲದಿಂದ ಮಾಡಿನವರೆಗೆ ಚೀಲದ ಮೇಲೆ ಚೀಲ, ಒಂದೊಂದರ ಮೇಲೂ ಒಬ್ಬೊಬ್ಬರ ಹೆಸರು. ಬಾಯಿ ಬಿಚ್ಚಿದ ಚೀಲವೊಂದರಲ್ಲಿ ಸುಕ್ಕುಗಟ್ಟಿದ ಬ್ಯಾಡಗಿ ಮೆಣಸಿನಕಾಯಿ ಮದುಮಗಳ ಸೀರೆಯಷ್ಟು ಕೆಂಪಗೆ ಹೊಳೆಯುತ್ತಿತ್ತು. ಸರ್ವರ್ ಮಾತ್ರ ಮದುವೆಮನೆಯಲ್ಲಿ ಹಾಸಿಗೆ ಸಿಗದ ನೆಂಟನಂತೆ ಮೂಲೆಯಲ್ಲಿ ಮುದುಡಿಕೊಂಡು ಕಣ್ಣು ಪಿಳುಕಿಸುತ್ತಿತ್ತು.

ಎಲ್ಲರೂ ತಿರುಗಿ ಅವಳನ್ನು ನೋಡಿದರು. ಹೊರಗೆ ಜನರೇಟರ್ ಗುಡುಗಿತು. ಎ.ಸಿ. ಮತ್ತೆ ಉಸಿರಾಡಿತು.

ಇನ್ನು ಮುಚ್ಚಿಡುವುದೇನಿದೆ ಎಂದು ಪ್ರಭುಲಿಂಗಪ್ಪ ಒಂದು ಚೀಲದ ಮೇಲೆ ಕುಳಿತುಬಿಟ್ಟರು. "ಯವ್ವಾ ತಂಗೀ, ಸರ್ವರ್ ಇರೂತನಕಾ ಎ.ಸಿ. ಐತಿ. ಎ.ಸಿ. ಇರೂತನಕಾ ಕಾಯಿ ಬಣ್ಣಾ ಬಿಡಂಗಿಲ್ಲ. ಕೋಲ್ಡ್ ಸ್ಟೋರೇಜಿನ್ಯಾಗ ನಮ್ಮಂಥವರಿಗೆ ಜಾಗಾ ಎಲ್ಲಿ ಸಿಗತೈತಿ? ಕ್ಲೌಡ್ ಬಂದ್ರ ಸರ್ವರ್ ಹೋಗತೈತಿ, ಎ.ಸಿ. ಬಿಚಗೊಂಡು ಹೋಗ್ತಾರ. ಇದ ನೋಡು ಖರೇ ಕಾರಣ. ಬ್ಯಾರೇ ಏನೂ ಇಲ್ಲ."

ಸುಚಿತ್ರಾಳಿಗೆ ಕುಣಿಯಬೇಕೆನಿಸಿತು. ಯಾವ ಪುಸ್ತಕದಲ್ಲೂ ಇಲ್ಲದ ಕಾರಣ. ಆದರೆ ಘಾಟಿಗೆ ಗಂಟಲು ಕಟ್ಟಿ ಮಾತೇ ಹೊರಡಲಿಲ್ಲ. ಅವಳು ಸುಮ್ಮನಿದ್ದಷ್ಟೂ ಅವರು ಹರಾಜಿಗೆ ನಿಂತವರಂತೆ ಏರುತ್ತ ಹೋದರು. ಮನೆಗೊಂದು ಕಿಲೋ ಒಯ್ಯಿರಿ ಎಂದರು ಪ್ರಭುಲಿಂಗಪ್ಪ. ಐದು ಕಿಲೋ ಎಂದಳು ದೀಪಾಲಿ, ಅತ್ತೆಯ ಪಾಲಿನಿಂದ. ಒಂದು ಚೀಲವೇ ಇರಲಿ, ಬಸ್ ಸ್ಟ್ಯಾಂಡಿನವರೆಗೆ ಉಡಚಪ್ಪ ಹೊತ್ತು ತರುತ್ತಾನೆ ಎಂದರು ಶಿವಾನಂದ ಸರ್. ಸುಚಿತ್ರಾ ಸೀನುತ್ತ ಕೈಯಾಡಿಸಿ ಬಾಗಿಲ ಹೊರಗೆ ಬಂದು ಪದ್ಮಜಾ ಮ್ಯಾಡಂಗೆ ಫೋನ್ ಹಚ್ಚಿದಳು. ಜೀವನದಲ್ಲಿ ಮೊದಲ ಸಲ ಅವರೊಡನೆ ಪೂರಾ ಮಾತಾಡಿ ಮುಗಿಸಿದಳು.

ಮ್ಯಾಡಂ ಎಲ್ಲ ಕೇಳಿ, ಸಂಶೋಧನೆಯಲ್ಲಿ ಮೆಣಸಿನಕಾಯಿ ಎಂದು ಬರೆದರೆ ಜನ ನಗುತ್ತಾರೆ, ಭದ್ರತೆಯಿಲ್ಲ ಎಂದೇ ಬರೆದುಬಿಡು ಎಂದರು. ಹಾಗಾದರೆ ಹೊಸ ಕಾರಣ, ತನ್ನ ಕೆಲಸ ಎಂದು ಸುಚಿತ್ರಾ ತಡವರಿಸಿದಳು. ಅದಕ್ಕೆ ಮ್ಯಾಡಂ ದನಿ ತಗ್ಗಿಸಿದರು.

"ಅದನ್ನ ನೋಡೂಣಂತ. ಮೊದಲ ಒಂದು ಕೆಲಸಾ ಮಾಡು. ನಮ್ಮಲ್ಲಿ ಕ್ಲೌಡ್ ಬಂದ ಮ್ಯಾಲೆ ಸರ್ವರ್ ಕೋಣೀ ಎ.ಸಿ. ಬಂದ್ ಮಾಡಿಬಿಟ್ಟಾರ. ಅಲ್ಲಿ ಇನ್ನೆರಡು ಚೀಲಕ್ಕ ಜಾಗಾ ಐತೇನು ಕೇಳು. ನನ್ನ ಹೆಸರು ತಗೀಬ್ಯಾಡ. ನಿಮ್ಮ ಮನಿಯವು ಅಂತ ಹೇಳು. ನಾ ಫೋನ್ ಹಿಡದಿರ್ತೇನಿ."

ಸುಚಿತ್ರಾ ಫೋನನ್ನು ಕಿವಿಯಿಂದ ಇಳಿಸಿದಳು. ಬಾಗಿಲಲ್ಲಿ ನಾಲ್ಕೂ ಮುಖಗಳು ಕಾಯುತ್ತಿದ್ದವು. ಇನ್ನೆರಡು ಚೀಲ ಇಡಲು ಜಾಗವಿದೆಯೇ ಎಂದು ಕೇಳಿದಳು. ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಪ್ರಭುಲಿಂಗಪ್ಪನವರ ಮುಖ ಅರಳಿತು.

"ಇಷ್ಟಕ್ಕ ಮುಂಜಾನಿಂದ ನಮ್ಮ ಜೀವಾ ತಿಂದ್ರಲ್ಲರಿ. ಸರ್ವರ್ ಇನ್ನೊಂಚೂರು ಮೂಲೀಗೆ ಸರಸೋಣು. ನಿಮ್ಮ ಮನಿಯವಲ್ರಿ? ಯಾರ ಹೆಸರು ಬರೀಲಿ?"

ಉಡಚಪ್ಪ ಆಗಲೇ ಬಣ್ಣದ ಡಬ್ಬಿ, ಕಡ್ಡಿ ಹಿಡಿದು ಸಿದ್ಧನಾಗಿದ್ದ. ಅಂಗೈಯಲ್ಲಿ ಫೋನು ಬೆಳಗುತ್ತಲೇ ಇತ್ತು. ಅವಳಿಗೆ ಮತ್ತೊಂದು ಸೀನು ಬರುವಂತಾಗಿ ಬರದೆ ನಿಂತಿತು. ಗಂಟಲು ತಾನಾಗಿ ಬಿಚ್ಚಿಕೊಂಡಿತು.

"ನಮ್ಮ ಮನಿಯವು ಅಲ್ರಿ" ಎಂದಳು ಸುಚಿತ್ರಾ, ಕಾರಿಡಾರಿನ ಆ ತುದಿಗೂ ಕೇಳುವಷ್ಟು ಗಟ್ಟಿಯಾಗಿ. "ಪದ್ಮಜಾ ಮ್ಯಾಡಂ ಅಂತ ಬರೀರಿ."