ಮಗಳ ಮೊಡವೆ, ನನ್ನ ಗುಳಿ

ಮನುಷ್ಯನ ಮೈಯಲ್ಲಿ ಮುಖ ಮಾತ್ರ ಸಾರ್ವಜನಿಕ ಆಸ್ತಿ ಎಂಬುದು ನನಗೆ ಬಹಳ ಹಿಂದೆಯೇ ಮನದಟ್ಟಾಗಿದೆ. ನಿಮಗೆ ಮೂಲವ್ಯಾಧಿ ಇದೆಯೇ ಎಂದು ಯಾರೂ ನಡುರಸ್ತೆಯಲ್ಲಿ ನಿಲ್ಲಿಸಿ ಕೇಳುವುದಿಲ್ಲ. ಸಂಬಳ ಎಷ್ಟೆಂದು ತಿಳಿಯಬೇಕಾದವರೂ ಸ್ವಲ್ಪ ಸುತ್ತುಬಳಸಿ ಕೇಳುತ್ತಾರೆ. ಆದರೆ ಕೆನ್ನೆಯ ಮೇಲೊಂದು ಮೊಡವೆ ಎದ್ದಿತೋ, ಲಿಫ್ಟಿನಲ್ಲಿ ಜೊತೆಯಾದವರು, ಇಸ್ತ್ರಿಯವನು, ಸೊಸೈಟಿಯ ಸೆಕ್ರೆಟರಿ ಎಲ್ಲರೂ ಅದರಲ್ಲಿ ಪಾಲುದಾರರಾಗಿಬಿಡುತ್ತಾರೆ. "ಇದೇನು ಮುಖದ ಮೇಲೆ?" ಎಂದು ಕೇಳುತ್ತಾರೆ, ಮೊಡವೆಯನ್ನು ಜನ್ಮದಲ್ಲಿ ಕಾಣದವರ ಹಾಗೆ. ಉತ್ತರಕ್ಕೆ ಕಾಯುವ ವ್ಯವಧಾನ ಅವರಿಗಿಲ್ಲ. ಮದ್ದು ಆಗಲೇ ಬಾಯಿಗೆ ಬಂದಿರುತ್ತದೆ.

ಈ ವಿಷಯದಲ್ಲಿ ನನ್ನ ಅನುಭವ ದೊಡ್ಡದು. ಉಡುಪಿಯಲ್ಲಿ ಕಾಲೇಜಿಗೆ ಹೋಗುತ್ತಿದ್ದಾಗ ಎದ್ದ ಮೊಡವೆಗಳು ಹೋಗುವಾಗ ನನ್ನ ಎರಡೂ ಕೆನ್ನೆಗಳಲ್ಲಿ ಗುಳಿ ತೋಡಿಟ್ಟೇ ಹೋದವು. ಮಳೆಗಾಲ ಕಳೆದ ಮೇಲೆ ಈಗ ನಾವಿರುವ ಡೊಂಬಿವಲಿಯ ರಸ್ತೆಗಳನ್ನು ನೋಡಿದವರಿಗೆ ಹೆಚ್ಚಿನ ವರ್ಣನೆ ಬೇಕಾಗಿಲ್ಲ. ಹಾಗಿದ್ದೂ ನಾನು ಸುಖವಾಗಿದ್ದೆ. ಕ್ಷೌರ ಮಾಡಿಕೊಳ್ಳುವಾಗ ಬ್ಲೇಡು ಅಲ್ಲಲ್ಲಿ ಎಡವುತ್ತದೆ ಎಂಬುದನ್ನು ಬಿಟ್ಟರೆ ನನಗೂ ನನ್ನ ಗುಳಿಗಳಿಗೂ ಯಾವ ತಕರಾರೂ ಇರಲಿಲ್ಲ. ರಬಾಳೆಯ ಕಾರ್ಖಾನೆಯೊಂದರ ಅಕೌಂಟ್ಸ್ ವಿಭಾಗದಲ್ಲಿ ಕೂತವನ ಕೆನ್ನೆ ನುಣ್ಣಗಿದ್ದರೆ ಬ್ಯಾಲೆನ್ಸ್ ಶೀಟೇನೂ ಬೇಗ ತಾಳೆಯಾಗುವುದಿಲ್ಲ. ಹೆಂಡತಿ ಶಶಿ ಕೂಡ ಈ ಮುಖವನ್ನು ಹಗಲು ಬೆಳಕಿನಲ್ಲಿ, ಕಣ್ಣು ಬಿಟ್ಟುಕೊಂಡು ನೋಡಿಯೇ ಮದುವೆಗೆ ಒಪ್ಪಿದವಳು. ಈಗ ಅವಳು ಅದನ್ನು ನೋಡುವುದನ್ನೇ ನಿಲ್ಲಿಸಿರುವುದರಿಂದ ಆ ಕಡೆಯಿಂದಲೂ ತೊಂದರೆಯಿರಲಿಲ್ಲ.

ತೊಂದರೆ ಶುರುವಾದದ್ದು ಮಗಳು ನಿಧಿಯ ಮುಖದಿಂದ. ಅವಳು ಇಲ್ಲೇ ಹುಟ್ಟಿ ಬೆಳೆದವಳು. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ. ಸಿಟ್ಟು ಬಂದರೆ ಮರಾಠಿ. ಅಳು ಬಂದರೆ ಮಾತ್ರ ಅಮ್ಮನ ತುಳು. ನೆರೂಳಿನ ಕಾಲೇಜಿಗೆ ಸೇರಿದ ವರ್ಷವೇ ಅವಳ ಹಣೆಯ ಮೇಲೆ ಸಣ್ಣ ಸಣ್ಣ ಗುಳ್ಳೆಗಳೆದ್ದವು. ಆಮೇಲೆ ಅವು ಕೆನ್ನೆಗಿಳಿದು, ಕೆಂಪಾಗಿ, ಕೀವು ತುಂಬಿಕೊಂಡು, ಮುಟ್ಟಿದರೆ ನೋಯುವಂತಾದವು. ನಾವು ಮೊದಮೊದಲು "ಪ್ರಾಯಕ್ಕೆ ಬಂದ ಮೇಲೆ ಇದೆಲ್ಲ ಇದ್ದದ್ದೇ" ಎಂದು ಹಗುರಾಗಿಯೇ ಇದ್ದೆವು. ಹಗುರಾಗಿರಲು ನೆಂಟರು ಬಿಡಬೇಕಲ್ಲ.

ಕಲ್ಯಾಣದಲ್ಲಿ ಒಂದು ನಾಮಕರಣ. ಕೈಯಲ್ಲಿ ಗೋಳಿಬಜೆಯ ತಟ್ಟೆ ಹಿಡಿದು ನಾನು ಮೂಲೆಯೊಂದರಲ್ಲಿ ನೆಮ್ಮದಿಯಾಗಿ ನಿಂತಿದ್ದೆ. ಶಶಿಯ ಅಕ್ಕ ವಿಮಲಕ್ಕ ಶಹಾಡಿನಿಂದ ಬಂದವರು, ನಿಧಿಯ ಗಲ್ಲ ಹಿಡಿದು ಮುಖವನ್ನು ಟ್ಯೂಬ್‌ಲೈಟಿನ ಕಡೆಗೆ ತಿರುಗಿಸಿದರು. ಬದನೆಕಾಯಿಯಲ್ಲಿ ಹುಳವಿದೆಯೇ ಎಂದು ನೋಡುವುದೂ ಹೀಗೆಯೇ.

"ಅಯ್ಯೋ, ಇದೆಂತ ಆಯ್ತು ಮಾರಾಯ್ತಿ ಕೂಸಿನ ಮುಖಕ್ಕೆ! ಶಶೀ, ಇದಕ್ಕೆ ಅಪ್ಪನ ಚರ್ಮವೇ ಬಂದದ್ದು ನೋಡು. ಈಗಲೇ ಏನಾದ್ರೂ ಮಾಡದಿದ್ರೆ ನಾಳೆ ಅಪ್ಪನ ಹಾಗೇ ಆಗ್ತದೆ!"

ಹಾಲಿನಲ್ಲಿದ್ದವರೆಲ್ಲ ಒಮ್ಮೆ ಅವಳ ಮುಖ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು, ಹೌದೆಂದು ತಲೆಯಾಡಿಸಿದರು. ನಾನು ಏನಾದರೂ ಹೇಳಬೇಕಿತ್ತು. ಬಾಯಲ್ಲಿ ಬಿಸಿ ಗೋಳಿಬಜೆ ಇತ್ತು.

ಅಂದಿನಿಂದ ನಮ್ಮ ಅಡುಗೆಮನೆ ಪ್ರಯೋಗಶಾಲೆಯಾಯಿತು. ಪಕ್ಕದ ಮನೆಯ ಮರಾಠಿ ಕಾಕು ಮುಲ್ತಾನಿ ಮಿಟ್ಟಿ ಎಂದರು. ಊರಿಂದ ಅತ್ತೆ ಫೋನಿನಲ್ಲೇ ಗಂಧ ತೇಯಿಸಿದರು. ಕಡಲೆಹಿಟ್ಟು, ಅರಿಶಿನ, ಬೇವಿನ ಸೊಪ್ಪು, ಟೂತ್‌ಪೇಸ್ಟು, ಎಲ್ಲ ಒಂದರ ಮೇಲೊಂದು ಅವಳ ಮುಖದ ಮೇಲೆ ಬಂದು ಕೂತು ಒಣಗಿದವು. ಲಿಂಬೆರಸ ಹಚ್ಚಿದ ದಿನ ಅವಳು ಉರಿ ತಾಳಲಾರದೆ ನಲ್ಲಿಯ ಕೆಳಗೆ ತಲೆಯಿಟ್ಟಳು. "ಉರಿದ್ರೇ ಕೆಲಸ ಮಾಡ್ತಾ ಉಂಟು ಅಂತ ಅರ್ಥ" ಎಂದು ವಿಮಲಕ್ಕ ಫೋನಿನಲ್ಲಿ ಧೈರ್ಯ ತುಂಬಿದರು. ಕರಿದದ್ದು ಬಂದ್, ಚಾಕಲೇಟು ಬಂದ್. ಮುಖ ತೊಳೆದದ್ದು ಸಾಲದು ಎಂದು ಮತ್ತೆ ಮತ್ತೆ ತೊಳೆಸಿದ್ದೂ ಆಯಿತು. ನಾವು ಆ ಮುಖವನ್ನು ಉಜ್ಜಿದಷ್ಟು ಪಾತ್ರೆ ಉಜ್ಜಿದ್ದರೆ ತಳ ತೂತಾಗುತ್ತಿತ್ತು. ಮೊಡವೆಗಳು ಮಾತ್ರ ಇಷ್ಟೆಲ್ಲ ಉಪಚಾರ ಕಂಡು ಇನ್ನಷ್ಟು ಬಳಗವನ್ನು ಕರೆಸಿಕೊಂಡವು.

ನಿಧಿ ಮಾಸ್ಕ್ ಹಾಕತೊಡಗಿದಳು. ಊರೆಲ್ಲ ಮಾಸ್ಕ್ ಮರೆತು ಎಷ್ಟೋ ಕಾಲವಾದ ಮೇಲೆ ಇವಳೊಬ್ಬಳು ಕಣ್ಣು ಮಾತ್ರ ಕಾಣುವಂತೆ ರೈಲು ಹತ್ತುತ್ತಿದ್ದಳು. ಬೆಳಿಗ್ಗೆ ಠಾಣೆಯವರೆಗೆ ಒಂದೇ ಗಾಡಿ, ಅಲ್ಲಿಂದ ಗಾಡಿ ಬದಲಿಸಿ ನಾನು ರಬಾಳೆಗೆ, ಅವಳು ನೆರೂಳಿಗೆ. ಆ ಪ್ಲಾಟ್‌ಫಾರಂ ಮೇಲೆ ಅವಳು ಎಡೆಬಿಡದೆ ಮಾತಾಡುತ್ತಿದ್ದ ಕಾಲವೊಂದಿತ್ತು. ಈಗ ಮಾಸ್ಕಿನೊಳಗಿಂದ "ಹ್ಞೂಂ" ಎಂಬುದಷ್ಟೇ. ಒಂದು ದಿನ ಕಾಲೇಜಿನಲ್ಲಿ ಎಲ್ಲರೆದುರು ನಿಂತು ಪ್ರಾಜೆಕ್ಟ್ ವಿವರಿಸಬೇಕಿತ್ತಂತೆ. ಬೆಳಿಗ್ಗೆ ಬಾತ್‌ರೂಮಿನ ಬಾಗಿಲು ಹಾಕಿಕೊಂಡು "ಯಾನ್ ಪೋಪುಜಿ ಅಮ್ಮಾ, ಯಾನ್ ಪೋಪುಜಿ" ಎಂದು ಅತ್ತಳು. ಹೋಗುವುದಿಲ್ಲ ಎಂದು ಅವಳು ತುಳುವಿನಲ್ಲಿ ಹೇಳಿದ ಮೇಲೆ ನಮಗೆ ನಗು ನಿಂತಿತು. ಹೋಗಲೂ ಇಲ್ಲ. ಆ ದಿನ ಹೋಗಲಿಲ್ಲ, ಮರುದಿನವೂ ಹೋಗಲಿಲ್ಲ.

ಆಗ ವಿಮಲಕ್ಕ ಒಂದು ಡಬ್ಬಿ ತಂದರು. ಡಬ್ಬಿಯ ಮೇಲೆ ಹೆಸರಿಲ್ಲ, ಒಳಗೇನಿದೆ ಎಂದೂ ಇಲ್ಲ, ಬಿಳಿಯ ಮುಲಾಮು ಮಾತ್ರ ಇತ್ತು. ಪರಿಚಯದ ಬ್ಯೂಟಿ ಪಾರ್ಲರಿನವಳೇ ಕಲಸಿ ಕೊಡುವುದಂತೆ. ಹಚ್ಚಿದೆವು. ಏನೆಂದು ಹೇಳಲಿ, ಕೆಲವೇ ದಿನಗಳಲ್ಲಿ ಮುಖ ಹಾಲಿನಲ್ಲಿ ತೊಳೆದಂತಾಯಿತು! ವಿಮಲಕ್ಕನಿಗೆ ಮನೆಯಲ್ಲಿ ದೇವರ ಪಕ್ಕದ ಸ್ಥಾನ ಸಿಕ್ಕಿತು. ನಿಧಿ ಮಾಸ್ಕ್ ತೆಗೆದು ಕಾಲೇಜಿಗೆ ಹೋದಳು. ಡಬ್ಬಿ ಮುಗಿಯಿತು, ಪಾರ್ಲರಿನವಳು ಊರಿಗೆ ಹೋಗಿದ್ದಳು. ವಾರ ಕಳೆಯುವುದರೊಳಗೆ ಮುಖವೆಲ್ಲ ಬೆಂದಂತೆ ಕೆಂಪಾಗಿ, ಹಿಂದೆ ಎಲ್ಲಿ ಒಂದಿತ್ತೋ ಅಲ್ಲಿ ಗೊಂಚಲು ಎದ್ದಿತು. "ನಿಮ್ಮವಳು ಮಧ್ಯದಲ್ಲಿ ಬಿಟ್ಟದ್ದೇ ತಪ್ಪು" ಎಂದರು ವಿಮಲಕ್ಕ. ಅವರ ಮದ್ದಿನಲ್ಲಿ ತಪ್ಪು ಯಾವಾಗಲೂ ಹಚ್ಚಿಕೊಂಡವರದ್ದೇ.

ನನ್ನ ಬುದ್ಧಿ ಠಾಣೆಯ ಒಂದು ಹೊಳೆಯುವ ಕ್ಲಿನಿಕ್ಕಿನ ಕಡೆಗೆ ಓಡಿತು. ಅಲ್ಲಿ ಗೋಡೆ, ನೆಲ, ಕೂತ ಹುಡುಗಿಯರ ಕೆನ್ನೆ ಎಲ್ಲವೂ ಒಂದೇ ಪಾಲಿಶಿನಲ್ಲಿ ಮಿಂಚುತ್ತಿದ್ದವು. ಡಾಕ್ಟರನ್ನು ಕಾಣುವ ಮೊದಲು ಕೌನ್ಸೆಲರ್ ಎಂಬವಳನ್ನು ಕಾಣಬೇಕಂತೆ. ಅವಳು ನಿಧಿಯ ಮುಖವನ್ನು ಒಮ್ಮೆ ನೋಡಿ, ಲೇಸರ್, ಪೀಲ್, ಇನ್ನೇನೇನೋ ಸೇರಿಸಿ ಗೋಲ್ಡ್ ಪ್ಯಾಕೇಜು, ಪ್ಲಾಟಿನಂ ಪ್ಯಾಕೇಜು ಎಂದು ಥಾಲಿ ಊಟದ ಹಾಗೆ ಬಡಿಸತೊಡಗಿದಳು. ನಂತರ ಅವಳ ಕಣ್ಣು ನನ್ನ ಮೇಲೆ ಬಿತ್ತು. ಹಾಗೇ ನಿಂತಿತು. "ಸರ್, ನಿಮಗೂ ಮಾಡಬಹುದು. ಹತ್ತು ವರ್ಷ ಚಿಕ್ಕವರಾಗಿ ಕಾಣ್ತೀರಿ" ಎಂದು ಹಿಂದಿಯಲ್ಲಿ ಹೇಳಿದಳು. ಸುಳ್ಳೇಕೆ ಹೇಳಲಿ, ನಾನು ಬೆನ್ನು ನೆಟ್ಟಗೆ ಮಾಡಿ ಕೂತೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಅವಳ ವ್ಯಾಪಾರ ಕುದುರುತ್ತಿತ್ತು. ನಿಧಿಯ ಕಡೆ ತಿರುಗಿ, ಕೈಯಿಂದ ನನ್ನ ಕೆನ್ನೆ ತೋರಿಸಿ, "ದೇಖೋ ಬೇಟಾ, ಟೈಂ ಪೆ ನಹೀ ಕಿಯಾ ತೋ ಐಸಾ ಹೋತಾ ಹೈ" ಎಂದುಬಿಟ್ಟಳು. ಸಮಯಕ್ಕೆ ಸರಿಯಾಗಿ ಮಾಡಿಸದಿದ್ದರೆ ಹೀಗಾಗುತ್ತದಂತೆ. ಹೀಗೆ ಎಂದರೆ ನಾನು.

ನಿಧಿ ಮಾಸ್ಕ್ ಗಲ್ಲಕ್ಕಿಳಿಸಿದಳು. "ಮೇರೇ ಪಪ್ಪಾ ಕಾ ಚೆಹರಾ ಲೋಗೋಂ ಕೋ ಡರಾನೇ ಕೆ ಲಿಯೇ ನಹೀ ಹೈ" ಎಂದಳು. ನಮ್ಮಪ್ಪನ ಮುಖ ಇರುವುದು ಜನರನ್ನು ಹೆದರಿಸುವುದಕ್ಕಲ್ಲ! ಸ್ವರ ನಡುಗುತ್ತಿತ್ತು, ಆದರೆ ಕ್ಲಿನಿಕ್ಕಿನಲ್ಲಿ ಎಲ್ಲರಿಗೂ ಕೇಳಿಸಿತು. "ಚಲೋ ಪಪ್ಪಾ" ಎಂದು ನನ್ನ ಕೈ ಹಿಡಿದು ಎಬ್ಬಿಸಿದಳು. ಕಲ್ಯಾಣದ ಹಾಲಿನಲ್ಲಿ ನಾನು ಅವಳಿಗಾಗಿ ಹೇಳದೆ ನುಂಗಿದ್ದನ್ನು ಅವಳು ನನಗಾಗಿ ಇಲ್ಲಿ ಹೇಳಿದಳು. ಅವಳ ಕೈ ಬಿಡದೆ ಹೊರಗೆ ಬಂದೆ. ಜೊತೆಗೇ, ಆ ಹತ್ತು ವರ್ಷದ ವಿಷಯ ಪೂರ್ತಿ ಕೇಳಲಾಗಲಿಲ್ಲವಲ್ಲ ಎಂಬ ಸಣ್ಣ ಬೇಸರವೂ ಇತ್ತು.

ಕೊನೆಗೆ ಹೋದದ್ದು ಡೊಂಬಿವಲಿಯಲ್ಲೇ, ಹಳೆಯ ಕಟ್ಟಡದ ಮೇಲಿನ ಮಹಡಿಯಲ್ಲಿ ಕೂರುವ ಚರ್ಮದ ಡಾಕ್ಟರಮ್ಮನ ಬಳಿಗೆ. ಮರಾಠಿಯವರು, ಮಾತು ಕಡಿಮೆ, ಗದರಿಕೆ ಜಾಸ್ತಿ. ನಡೆದದ್ದೆಲ್ಲ ಕೇಳಿ "ಲಿಂಬೂ ಕೋಣೀ ಲಾವ್ಲಂ?" ಎಂದು ಕನ್ನಡಕದ ಮೇಲಿಂದ ನೋಡಿದರು. ಲಿಂಬೆ ಹಚ್ಚಿದ್ದು ಯಾರು? ನಾನು ಶಶಿಯನ್ನು ನೋಡಿದೆ, ಶಶಿ ನನ್ನನ್ನು ನೋಡಿದಳು. ಇಬ್ಬರಿಗೂ ಸೇರಿಸಿ ಪಾಠವಾಯಿತು. ಮೊಡವೆ ಕೊಳೆಯಿಂದ ಬರುವುದಲ್ಲ. ಹಾರ್ಮೋನಿನ ಏರುಪೇರಿಗೆ ಚರ್ಮದ ಎಣ್ಣೆ ಹೆಚ್ಚಿ, ಸಣ್ಣ ರಂಧ್ರಗಳು ಕಟ್ಟಿಕೊಂಡು, ಒಳಗೆ ಉರಿಯೂತವಾಗಿ ಏಳುವಂಥದ್ದು. ಉಜ್ಜಿದರೆ ಕೆರಳುತ್ತದೆ, ಹಿಸುಕಿದರೆ ಕಲೆಯಾಗುತ್ತದೆ. ಹೆಸರಿಲ್ಲದ ಡಬ್ಬಿಯಲ್ಲಿ ಸ್ಟೆರಾಯ್ಡ್ ಇದ್ದಿರಬೇಕು. ಅದು ಕೆಂಪನ್ನು ಅದುಮಿ ಹಿಡಿಯುತ್ತದೆ, ಬಿಟ್ಟ ಕೂಡಲೇ ಬಡ್ಡಿ ಸಮೇತ ವಾಪಸು. ನಿಧಿ ಅಳುಕುತ್ತಾ ಕಲೆಗಳಿಗೆ ಲೇಸರ್ ಕೇಳಿದಳು. "ಮೊದಲು ಬೆಂಕಿ ಆರಲಿ, ಆಮೇಲೆ ಗೋಡೆಗೆ ಸುಣ್ಣ" ಎಂದರು. ಕಪ್ಪು ಕಲೆಗಳು ಬಿಸಿಲಿನಿಂದ ಕಾಪಾಡಿಕೊಂಡರೆ ತಾವಾಗಿ ಮಾಸುತ್ತವೆ. ಗುಳಿ ಬಿದ್ದರೆ ಮಾತ್ರ ಬೇರೆ ದಾರಿ: ಸಣ್ಣ ಸೂಜಿಗಳಿಂದ ಚುಚ್ಚಿ ಚರ್ಮ ಹೊಸದಾಗಿ ತುಂಬಿಕೊಳ್ಳುವಂತೆ ಮಾಡುವುದು, ಲೇಸರ್, ಕೆಲವಕ್ಕೆ ಅಡಿಯಿಂದ ಬಿಡಿಸಿ ಮೇಲೆತ್ತುವುದು. ಯಾವುದರಿಂದಲೂ ಪೂರ್ತಿ ಅಳಿಸಿಹೋಗುವುದಿಲ್ಲ, ಕಡಿಮೆಯಾಗುತ್ತದೆ. "ಪೂರ್ತಿ ಹೋಗ್ತದೆ ಅಂದವರ ಅಂಗಡಿಯಿಂದ ಎದ್ದು ಬನ್ನಿ" ಎಂದರು. ನಾವು ಆಗಲೇ ಎದ್ದು ಬಂದಿದ್ದೆವಾದ್ದರಿಂದ ನನಗೆ ತುಸು ಹೆಮ್ಮೆಯೆನಿಸಿತು.

ಅವರು ಬರೆದುಕೊಟ್ಟ ಮುಲಾಮಿನಿಂದ ಗುಣವಾಗಲು ತಿಂಗಳುಗಳೇ ಹಿಡಿದವು. ನಡುವೆ ಒಮ್ಮೆ ಮೊಡವೆ ಹೆಚ್ಚಾಗಿ, ಚರ್ಮ ಒಣಗಿ ಸಿಪ್ಪೆಯೆದ್ದು, ನಿಧಿ ಎಲ್ಲ ಬಿಟ್ಟುಬಿಡುತ್ತೇನೆ ಎಂದಳು. ಆಗ ವಿಮಲಕ್ಕ ಹೊಸ ಡಬ್ಬಿಯೊಂದಿಗೆ ಬಾಗಿಲಲ್ಲಿ ಪ್ರತ್ಯಕ್ಷರಾದರು. ಶಶಿ ಅವರನ್ನು ಕೂರಿಸಿ ಕಾಫಿ ಕೊಟ್ಟು, "ಅಕ್ಕಾ, ನೀವು ಬನ್ನಿ, ಡಬ್ಬಿ ಬೇಡ" ಎಂದಳು. ಇಷ್ಟು ವರ್ಷಗಳ ಸಂಸಾರದಲ್ಲಿ ಅವಳು ಅಕ್ಕನಿಗೆ ಎದುರಾಡಿದ್ದು ನಾನು ಕಂಡದ್ದು ಅದೊಂದೇ ಸಲ. ನಿಧಿ ಡಾಕ್ಟರಮ್ಮನ ಮುಲಾಮು ಬಿಡಲಿಲ್ಲ. ಮುಖ ನಿಧಾನವಾಗಿ ತಣ್ಣಗಾಯಿತು. ಒಂದು ಬೆಳಿಗ್ಗೆ ಅವಳು ಠಾಣೆಯ ಪ್ಲಾಟ್‌ಫಾರಂ ಮೇಲೆ ಪ್ರೊಫೆಸರೊಬ್ಬರನ್ನು ಮರಾಠಿಯಲ್ಲಿ ಬೈಯುತ್ತಾ ನಿಂತಿದ್ದಾಗಲೇ ನನಗೆ ಹೊಳೆದದ್ದು, ಮಾಸ್ಕ್ ಇಲ್ಲ! ಎಡಗೆನ್ನೆಯಲ್ಲಿ ಮೂರು ನಾಲ್ಕು ಸಣ್ಣ ಗುಳಿ ಉಳಿದಿವೆ. ಈಗ ಮಾಡಿಸಬಹುದು ಎಂದು ಡಾಕ್ಟರಮ್ಮ ಹೇಳಿದರೂ ಅವಳು "ಅಭೀ ಟೈಂ ನಹೀ ಹೈ" ಎಂದು ಹೊರಟುಹೋದಳು. ಕನ್ನಡಿಯ ಮುಂದೆ ಕೂರಲು ಅವಳಿಗೆ ಪುರುಸೊತ್ತಿಲ್ಲವಂತೆ.

ಪುರುಸೊತ್ತು ಇದ್ದದ್ದು ನನಗೆ. ಮುಂದಿನ ಶನಿವಾರ ನಾನೊಬ್ಬನೇ ಆ ಮಹಡಿ ಹತ್ತಿದೆ. "ಈ ವಯಸ್ಸಿನಲ್ಲಿ?" ಎಂದರು ಡಾಕ್ಟರಮ್ಮ. "ಮಗಳಿಗೆ ಧೈರ್ಯ ಬರಲಿ ಅಂತ" ಎಂದೆ. ಅವರು ನಂಬಲಿಲ್ಲ, ಆದರೂ ಚುಚ್ಚಿದರು. ಮುಖಕ್ಕೆ ಮರಗಟ್ಟುವ ಮುಲಾಮು ಬಳಿದು ಸೂಜಿಯ ಯಂತ್ರ ಓಡಿಸುವಾಗ ಹೊಲಿಗೆ ಯಂತ್ರದ ಕೆಳಗಿನ ಬಟ್ಟೆಯ ಕಷ್ಟ ನನಗೆ ಅರ್ಥವಾಯಿತು. ಸೋಮವಾರ ಆಫೀಸಿನಲ್ಲಿ ಧಾರವಾಡದ ಪಾಟೀಲರು "ಏನ್ರೀ ರಾಯರ, ಮಾರಿ ಹಿಂಗ್ಯಾಕ ಕೆಂಪಗಾಗೇತಿ? ಮನ್ಯಾಗ ಏನರ ನಡೀತೇನು?" ಎಂದು ಅನುಕಂಪದಿಂದ ಚಹಾ ತರಿಸಿದರು. ಮನೆಯಲ್ಲಿ ಹೊಡೆತ ತಿಂದೆನೆಂಬ ಸುದ್ದಿ ಊಟದ ಹೊತ್ತಿಗೆ ಆಫೀಸಿನಲ್ಲೆಲ್ಲ ಹರಡಿತ್ತು. ನಾನು ತಿದ್ದಲು ಹೋಗಲಿಲ್ಲ. ಸೌಂದರ್ಯ ಚಿಕಿತ್ಸೆ ಎನ್ನುವುದಕ್ಕಿಂತ ಅದೇ ಗೌರವದ ಮಾತಾಗಿತ್ತು.

ಕೆಲವು ತಿಂಗಳು ಹೀಗೆ ಚುಚ್ಚಿಸಿಕೊಂಡ ಮೇಲೆ ಗುಳಿಗಳು ನಿಜವಾಗಿಯೂ ತುಸು ಮೇಲೆ ಬಂದವು. ಯಾರಾದರೂ ಗಮನಿಸಲಿ ಎಂದು ಕಾದೆ. ಪಾಟೀಲರು "ಕಟಿಂಗ್ ಮಾಡ್ಸೀರೇನು?" ಎಂದರು. ಶಶಿ ಹಣೆ ಮುಟ್ಟಿ "ಜ್ವರ ಉಂಟಾ ಎಂತ?" ಎಂದಳು. ತಡೆಯಲಾರದೆ ಒಂದು ಭಾನುವಾರ ನಿಧಿಯನ್ನು ಕಿಟಕಿಯ ಬಳಿ ಕರೆದು, ಮುಖವನ್ನು ಬೆಳಕಿಗೆ ಒಡ್ಡಿ, "ಏನಾದರೂ ವ್ಯತ್ಯಾಸ ಕಾಣ್ತದಾ ಮಗಾ?" ಎಂದು ನಾಚಿಕೆ ಬಿಟ್ಟು ಕೇಳಿದೆ. ಅವಳು ಹತ್ತಿರ ಬಂದು, ಆ ಕಡೆ ಈ ಕಡೆ ಬಗ್ಗಿ, ಬಹಳ ಹೊತ್ತು ಪ್ರಾಮಾಣಿಕವಾಗಿ ನೋಡಿದಳು.

"ಹಾಂ ಪಪ್ಪಾ, ಗಡ್ಢೇ ಕಮ್ ಹುಏ ಹೈಂ" ಎಂದಳು. ಗುಳಿ ಕಡಿಮೆಯಾಗಿವೆ! ನಾನು ಹಿಗ್ಗಿ ನಿಂತಿರುವಾಗಲೇ ಅವಳು ತಲೆ ಓರೆ ಮಾಡಿ, ಅಪರೂಪಕ್ಕೆ ಕನ್ನಡದಲ್ಲಿ ಸೇರಿಸಿದಳು: "ಆದ್ರೆ ಈಗ ನಿಮ್ಮ ಮೂಗು ಕಾಣ್ತದೆ. ಮೊದಲು ಅಷ್ಟು ದೊಡ್ಡ ಕಾಣ್ತಿರಲಿಲ್ಲ."

ಅವಳು ನಗುತ್ತಾ ಸ್ನೇಹಿತೆಯರ ಜೊತೆ ಸುತ್ತಲು ಹೋದಳು. ನಾನು ಕನ್ನಡಿಯ ಮುಂದೆ ಹೋಗಿ ನಿಂತೆ. ಹುಡುಗಿ ಹೇಳಿದ್ದರಲ್ಲಿ ಸತ್ಯಾಂಶವಿದೆ. ಎಡಗಡೆಯಿಂದ ನೋಡಿದರೆ ಅಷ್ಟಾಗಿ ಗೊತ್ತಾಗುವುದಿಲ್ಲ.